ಧ್ರುವಕ್ಕೆ ಹೋಗಬೇಕಾದವಳು ನಾನಲ್ಲ, ನಮ್ಮಕ್ಕ

ಧ್ರುವ ಸಂಶೋಧನಾ ಫೆಲೋಶಿಪ್ಪಿನ ಆಯ್ಕೆ ಸಮಿತಿಯ ಪರಮ ಮಾನ್ಯರೇ,

ಮೊದಲಿಗೆ, ಈ ಪತ್ರ ಬರೆಯುತ್ತಿರುವುದಕ್ಕೇ ಕ್ಷಮೆ ಕೋರುತ್ತೇನೆ. ನಾನು ಬಿ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿನಿ. ಲೈಬ್ರರಿಯಲ್ಲಿ ಪುಸ್ತಕ ಕೇಳುವಾಗಲೂ ಎರಡು ಸಲ ಸಾರಿ ಹೇಳುವವಳು. ಆದರೆ ನಾನು ಖಾಸಗಿಯಾಗಿ ಬರೆದ ಒಂಬತ್ತು ಪತ್ರಗಳಿಗೂ ತಮ್ಮ ಪೋರ್ಟಲ್ ತಪ್ಪದೆ ಒಂಬತ್ತು ಅಭಿನಂದನೆಗಳನ್ನು ಕಳಿಸಿರುವುದರಿಂದ, ಹತ್ತನೆಯದನ್ನು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಬರೆಯುವುದೇ ಸರಿಯೆಂದು ನನ್ನ ರೂಮ್‌ಮೇಟ್ ಸಲಹೆ ಕೊಟ್ಟಳು. ಬೈಯುವುದಿದ್ದರೆ ದಯವಿಟ್ಟು ಅವಳನ್ನೂ ಸೇರಿಸಿಕೊಳ್ಳಿ.

ತಪ್ಪು ನನ್ನದೇ. ನಮ್ಮಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಮಂಜುಗಡ್ಡೆಯೊಳಗೆ ಸಾವಿರಾರು ವರ್ಷಗಳಿಂದ ಸಿಕ್ಕಿಕೊಂಡಿರುವ ಗಾಳಿಗುಳ್ಳೆಗಳ ಮೇಲೆ ಪಿಎಚ್.ಡಿ. ಮಾಡಿದ್ದಾಳೆ. ಬೇರೆಯವರು ಕೊರೆದು ತಂದ ಗಡ್ಡೆಗಳನ್ನು ಲ್ಯಾಬಿನ ಮೈನಸ್ ಇಪ್ಪತ್ತು ಡಿಗ್ರಿ ಕೋಣೆಯಲ್ಲಿ ನಿಂತು ಕತ್ತರಿಸಿದ್ದಾಳೆಯೇ ಹೊರತು ಧ್ರುವವನ್ನು ಕಣ್ಣಾರೆ ಕಂಡವಳಲ್ಲ. ತಮ್ಮ ಫೆಲೋಶಿಪ್ ಪಿಎಚ್.ಡಿ. ಮುಗಿಸಿ ಐದು ವರ್ಷ ದಾಟದವರಿಗೆ ಮಾತ್ರ. ಅಕ್ಕನ ಐದು ವರ್ಷ ಬರುವ ಶುಕ್ರವಾರಕ್ಕೆ ಮುಗಿಯುತ್ತದೆ.

ಅರ್ಜಿಯ ಕೊನೆಯ ದಿನ ಅವಳು ಅದೇ ಕೋಣೆಯಲ್ಲಿದ್ದಳು. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆ ದಪ್ಪ ಗ್ಲೌಸಿನಲ್ಲಿ ಟೈಪ್ ಮಾಡಲೂ ಆಗುವುದಿಲ್ಲ. ಹಾಗಾಗಿ ಒಳಗೆ ಹೋಗುವ ಮುಂಚೆ ಸಂಶೋಧನಾ ಯೋಜನೆಯ ಫೈಲನ್ನು ನನಗೆ ಕಳಿಸಿ, "ಒಂದನೇ ಕ್ಲಾಸಿಂದ ಹಾಸ್ಟೆಲಲ್ಲಿ ಫಾರ್ಮ್ ತುಂಬ್ಕೊಂಡೇ ಬೆಳೆದಿದ್ದೀಯಲ್ಲ, ಇದೊಂದು ತುಂಬಿ ಹಾಕೇ" ಎಂದಳು. ಬೆಳೆದದ್ದೇ ಎಡವಟ್ಟಾಯಿತು. ರಜೆಗೆ, ಜ್ವರಕ್ಕೆ, ಕನ್ನಡಕ ಒಡೆದದ್ದಕ್ಕೆ, ಹಾಸ್ಟೆಲಿನಲ್ಲಿ ಎಲ್ಲದಕ್ಕೂ ಒಂದು ಫಾರ್ಮು. ಮೇಲೆ ನನ್ನ ಹೆಸರು, ಕೆಳಗೆ ಗಾರ್ಡಿಯನ್ ಜಾಗದಲ್ಲಿ ಅಕ್ಕನ ಹೆಸರು. ಅಮ್ಮ ಆಸ್ಪತ್ರೆಯಲ್ಲಿ ಪಾಳಿ ಕೆಲಸದ ನರ್ಸ್ ಆದ್ದರಿಂದ ಸಹಿ ಹಾಕಲು ಬರುತ್ತಿದ್ದವಳು ಅಕ್ಕನೇ. ತಮ್ಮ ಫಾರ್ಮಿನಲ್ಲೂ 'ಅಭ್ಯರ್ಥಿ' ಎಂದಿದ್ದಲ್ಲಿ ನನ್ನ ಕೈ ತಾನಾಗಿ ನನ್ನ ಹೆಸರನ್ನು ಬರೆಯಿತು, 'ಮಾರ್ಗದರ್ಶಕರು' ಎಂದಿದ್ದಲ್ಲಿ ಅಕ್ಕನದನ್ನು. ಅದೇ ರಭಸದಲ್ಲಿ ಹುಟ್ಟಿದ ದಿನ, ರಕ್ತದ ಗುಂಪು ಎಲ್ಲವೂ ನನ್ನವೇ ಹೋದವು. ಅನುಭವ ಸೊನ್ನೆ ಎಂದೂ ಹೋಯಿತು. ಒಮ್ಮೆ ಓದಿ ನೋಡಿದೆ. ಎಲ್ಲ ಸರಿಯಾಗಿಯೇ ಕಂಡಿತು. ಸಬ್ಮಿಟ್ ಒತ್ತಿದೆ.

ತಾವು ನನ್ನನ್ನು ಆಯ್ಕೆ ಮಾಡಿದ ರೀತಿಯನ್ನು ಎಷ್ಟು ಹೊಗಳಿದರೂ ಸಾಲದು. ವೃತ್ತಿಯ ಆರಂಭದಲ್ಲಿರುವ ವಿಜ್ಞಾನಿಗಳಿಗೆ ಆದ್ಯತೆ ಎಂದು ತಾವು ಬರೆದದ್ದನ್ನು ಬೇರೆ ಸಂಸ್ಥೆಯವರಾದರೆ ಬಾಯಿಮಾತಿಗೆ ಬಿಡುತ್ತಿದ್ದರು. ತಾವು ಹಾಗೆ ಮಾಡದೆ, ಆರಂಭವನ್ನೇ ಇನ್ನೂ ಮಾಡದ ನನಗೆ ಆ ವಿಭಾಗದಲ್ಲಿ ನೂರಕ್ಕೆ ನೂರು ಕೊಟ್ಟು, ಎರಡು ವರ್ಷ ಹಿಮದ ಠಾಣೆಯಲ್ಲಿ ಕೂರಿಸಲು ನಿರ್ಧರಿಸಿದಿರಿ. ನನಗಿಂತ ಆರಂಭದಲ್ಲಿರುವವರು ಬೇಕೆಂದರೆ ತಾವು ಹೈಸ್ಕೂಲಿಗೇ ಹೋಗಬೇಕಿತ್ತು.

ನಾನು ತಕ್ಷಣ ತಪ್ಪೊಪ್ಪಿಕೊಂಡೆ. 'ಅಭ್ಯರ್ಥಿಯ ವಿನಯವನ್ನು ಸಮಿತಿ ಮೆಚ್ಚಿದೆ' ಎಂದು ಉತ್ತರ ಬಂತು. ನಾನು ವಿಜ್ಞಾನಿಯಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಐವತ್ತಕ್ಕೆ ಹನ್ನೊಂದು ಬಂದ ಭೌತಶಾಸ್ತ್ರದ ಉತ್ತರಪತ್ರಿಕೆಯನ್ನು ಲಗತ್ತಿಸಿದೆ. ಅದು 'ಪ್ರಾಥಮಿಕ ಫಲಿತಾಂಶಗಳು' ಎಂಬ ಫೋಲ್ಡರಿಗೆ ಸೇರಿತು. ಕೊನೆಗೆ ಅಕ್ಕನೇ ಮಾರ್ಗದರ್ಶಕಿಯ ಲಾಗಿನ್ನಿನಿಂದ, 'ಈ ಹುಡುಗಿಗೆ ಮಂಜುಗಡ್ಡೆಯ ಬಗ್ಗೆ ಏನೂ ಗೊತ್ತಿಲ್ಲ, ಐಸ್ ಟ್ರೇ ತುಂಬಿಸಲೂ ಬರುವುದಿಲ್ಲ' ಎಂದು ಬರೆದಳು. ಇಷ್ಟು ನಿಷ್ಪಕ್ಷಪಾತವಾದ ಶಿಫಾರಸು ಹಿಂದೆಂದೂ ಬಂದಿರಲಿಲ್ಲವೆಂದು ತಾವು ಅವಳಿಗೂ ಒಂದು ಪ್ರಶಸ್ತಿಪತ್ರ ಕಳಿಸಿದಿರಿ. ಐಸ್ ಟ್ರೇ ವಿಷಯ ನಿಜ. ಅದನ್ನು ಇಡೀ ಪೋರ್ಟಲ್ಲಿಗೆ ಹೇಳಬೇಕಿರಲಿಲ್ಲ, ಅದು ಬೇರೆ ಮಾತು.

ಮೊನ್ನೆ ಕಿತ್ತಳೆ ಬಣ್ಣದ ಧ್ರುವದ ಜಾಕೆಟ್ಟೂ ಬಂತು. ಅದರಲ್ಲಿ ನಾನು ಮತ್ತು ರೂಮ್‌ಮೇಟ್ ಇಬ್ಬರೂ ಒಟ್ಟಿಗೆ ಹಿಡಿಸುತ್ತೇವೆ. "ಹೋಗ್ಬಾರೇ, ಪೆಂಗ್ವಿನ್‌ಗಳಿಗೂ ಸಾರಿ ಹೇಳ್ಕೊಂಡು ಆರಾಮಾಗಿರ್ತೀಯ" ಎನ್ನುತ್ತಾಳೆ ಅವಳು. ವಾರ್ಡನ್ ಮೇಡಂ ಇದನ್ನು ತಡೆಯುವರೆಂದು ನಂಬಿ ಹೋದರೆ ಅವರು ರಿಜಿಸ್ಟರ್ ತಿರುವಿ, "ಎರಡು ವರ್ಷಕ್ಕೆ ಒಟ್ಟಿಗೆ ಔಟ್‌ಪಾಸ್ ಕೊಡೋಕೆ ಬರಲ್ಲಮ್ಮ, ವಾರಕ್ಕೊಂದರ ಹಾಗೆ ಬರ್ಕೊಡು" ಎಂದರು. ಗಾರ್ಡಿಯನ್ ಸಹಿಯಿರುವ ನೂರ ನಾಲ್ಕು ರಜಾ ಅರ್ಜಿಗಳು. ನಾನು ಹದಿನೇಳು ಬರೆದಾದ ಮೇಲೆ, ನಾನೇನು ಮಾಡುತ್ತಿದ್ದೇನೆಂದು ನನಗೇ ಹೊಳೆಯಿತು.

ನಾನು ಸುಮ್ಮನೆ ಹಿಂದೆ ಸರಿಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹಿಂದೆ ಸರಿದವರ ಯೋಜನೆಯನ್ನು ಮತ್ತೊಬ್ಬರು ಬಳಸುವಂತಿಲ್ಲ ಎಂಬ ನಿಯಮ ತಮ್ಮದೇ. ಅಂದರೆ ನನ್ನ ಜೊತೆಗೆ ಅಕ್ಕನ ಗಾಳಿಗುಳ್ಳೆಗಳೂ ಮುಳುಗುತ್ತವೆ. ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಸಣ್ಣದು: ಮೇಲಿನ ಹೆಸರನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ. ಅದು ತಮ್ಮ ಘನತೆಗೆ ತೀರಾ ಸಣ್ಣ ಕೆಲಸವೆನಿಸಿದರೆ, ಶುಕ್ರವಾರವನ್ನು ಆರು ತಿಂಗಳು ಮುಂದೂಡಿ. ಅಥವಾ ಧ್ರುವವನ್ನು ಅಕ್ಕನ ಲ್ಯಾಬಿನ ಹತ್ತಿರ ತಂದಿಡಿ, ಬಸ್ ನಿಲ್ದಾಣದ ಎದುರಿಗೆ ಖಾಲಿ ಜಾಗವಿದೆ.

ಅಕ್ಕ ಮೊದಲ ವಾರ ನನ್ನನ್ನು ಚೆನ್ನಾಗಿ ಬೈದಳು. ಆಗ ನನಗೆ ಸಮಾಧಾನವಿತ್ತು. ನಿನ್ನೆ ಫೋನ್ ಮಾಡಿ, "ಬಿಡೇ, ಆಗಿದ್ದಾಯ್ತು. ನೀನು ಟೆಸ್ಟಿಗೆ ಓದ್ಕೋ" ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿಲ್ಲ. ಆಗಿನಿಂದ ನನಗೆ ಓದಲೂ ಆಗುತ್ತಿಲ್ಲ, ಊಟವೂ ಸೇರುತ್ತಿಲ್ಲ.

ಇಷ್ಟು ದೀರ್ಘವಾಗಿ ತೊಂದರೆ ಕೊಟ್ಟದ್ದಕ್ಕೆ ಮತ್ತೊಮ್ಮೆ ಸಾರಿ ಹೇಳುತ್ತಾ,

ನಾನು ಬೇಡವೆಂದರೂ ತಾವು ಬಿಡದ ತಮ್ಮ ವಿಶ್ವಾಸಿ,
ಅನುಭವ ಸೊನ್ನೆಯ ಧ್ರುವ ವಿಜ್ಞಾನಿ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ತಮ್ಮ ಹೊಸ ಸಂದೇಶ ಬಂತು. ನನ್ನ ಅಪಾರ ಪ್ರಾಮಾಣಿಕತೆಯನ್ನು ಗಮನಿಸಿ, ಮುಂದಿನ ವರ್ಷದ ಆಯ್ಕೆ ಸಮಿತಿಗೆ ನನ್ನನ್ನು ಸದಸ್ಯೆಯಾಗಿ ನೇಮಿಸಿದ್ದೀರಂತೆ. ಧನ್ಯವಾದಗಳು, ತಮ್ಮ ಸಮಿತಿಗೆ ಏನೇನು ಅರ್ಹತೆ ಬೇಕೆಂಬುದು ಈಗ ತಿಳಿಯಿತು. ಆದರೆ ಮುಂದಿನ ವರ್ಷ ಅಕ್ಕ ಮತ್ತೆ ಅರ್ಜಿ ಹಾಕಿದರೆ, ಐದು ವರ್ಷ ದಾಟಿದೆಯೆಂದು ಅದನ್ನು ತಿರಸ್ಕರಿಸಿ ಸಹಿ ಹಾಕಬೇಕಾದವಳು ನಾನು. ಅದೊಂದು ನನ್ನ ಕೈಲಿ ಆಗುವುದಿಲ್ಲ. ಶುಕ್ರವಾರ ಸಂಜೆ ಐದರೊಳಗೆ ದಯವಿಟ್ಟು ಉತ್ತರ ಕಳಿಸಿ.