ಅನ್ಯಗ್ರಹದಾಕೆಯ ಪೊಲೀಸ್ ವೆರಿಫಿಕೇಶನ್

ಶನಿವಾರ ಸಂಜೆ ಚಿದಂಬರನ ಇಯರ್‌ಫೋನಿನ ಎಡಗಿವಿ ಸತ್ತಿತು. ಭಾನುವಾರ ಬೆಳಗಾಗುವಷ್ಟರಲ್ಲಿ ಬಲಗಿವಿಯೂ ಅದರ ಹಿಂದೆಯೇ ಹೋಯಿತು. ಇಷ್ಟು ಸಣ್ಣ ಎರಡು ಸಾವುಗಳಿಗೆ ಇಡೀ ಬಿಲ್ಡಿಂಗು ಪಾರ್ಕಿಂಗಿನಲ್ಲಿ ನೆರೆಯುತ್ತದೆ ಎಂದು ಗೊತ್ತಿದ್ದರೆ ಅವನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಹೊಸದೊಂದು ತಂದುಬಿಡುತ್ತಿದ್ದ. ಗೊತ್ತಿರಲಿಲ್ಲ. ಆದ್ದರಿಂದ ಮೊಬೈಲಿನ ಸ್ಪೀಕರನ್ನೇ ದೊಡ್ಡದು ಮಾಡಿ, ತೀರಿಹೋದ ಹೆಂಡತಿಯ ದನಿ ಕೇಳುತ್ತ ಕೂತ.

"ಏನ್ರೀ, ನಾ ಗುಡಿಗೆ ಹೊಂಟೀನಿ. ಕುಕ್ಕರ್ ಇಟ್ಟೀನಿ. ಮೂರು ಸೀಟಿ ಆದ ಮ್ಯಾಲೆ ಬಂದ್ ಮಾಡ್ರಿ. ಮೂರು ಅಂದ್ರ ಮೂರ. ಮತ್ತ ಮರತೀರಿ."

ಸುಲೋಚನಾ ಹೋಗಿ ವರ್ಷವಾಗಿತ್ತು. ಅವಳಿಗೆ ಮೊಬೈಲಿನಲ್ಲಿ ಟೈಪು ಮಾಡುವುದೆಂದರೆ ಆಗುತ್ತಿರಲಿಲ್ಲ. ಹೇಳುವುದನ್ನೆಲ್ಲ ರೆಕಾರ್ಡು ಮಾಡಿ ಕಳಿಸುತ್ತಿದ್ದಳು. ನಾಗಪುರದ ಹೊರಗಿನ ಕಳಮೇಶ್ವರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಚಿದಂಬರ ಎಲ್ಲಕ್ಕೂ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದ. ಅವಳು ಹೋದ ಮೇಲೆ ಹುಡುಕಿದರೆ ಮೊಬೈಲಿನಲ್ಲಿ ಐವತ್ತೆರಡು ಸಿಕ್ಕವು. ಕರಿಬೇವು ತರ್ರಿ, ಛತ್ರಿ ಮರತೀರಿ, ನೀರು ಬಂದಾವು, ಗ್ಯಾಸಿನವ ಬಂದಿದ್ದ. ಐವತ್ತೆರಡರಲ್ಲಿ ಒಂದೂ ಪ್ರೇಮದ ಮಾತಲ್ಲ. ಆದರೂ ಅವು ಮುಗಿದುಹೋಗಬಾರದೆಂದು ಅವನು ವಾರಕ್ಕೆ ಒಂದರಂತೆ ಬಳಸುತ್ತ ಬಂದಿದ್ದ.

ಬಳಸುತ್ತಿದ್ದುದು ಒಂದು ಕಾಮಿಕ್ಸಿನಲ್ಲಿ. 'ಭೂಮಿ ಬಾಡಿಗೆಗೆ' ಎಂಬ ಹೆಸರಿನಲ್ಲಿ ಅವನು ಪ್ರತಿ ಭಾನುವಾರ ಸಂಜೆ ಏಳಕ್ಕೆ ಇಂಟರ್ನೆಟ್ಟಿನಲ್ಲಿ ಒಂದು ಕಂತು ಹಾಕುತ್ತಿದ್ದ. ಝುಂಬ ಗ್ರಹದ ಗಂಡಹೆಂಡಿರಿಬ್ಬರು ಅವನದೇ ಬಡಾವಣೆ ಪ್ರತಾಪ ನಗರದ ಮೂರನೇ ಮಹಡಿಯಲ್ಲಿ ಗುಟ್ಟಾಗಿ ಬಾಡಿಗೆಗಿರುವ ಕತೆ. ಒಂದು ವಾರ ಅದು ಪತ್ತೇದಾರಿ, ಒಂದು ವಾರ ದೆವ್ವದ ಕತೆ, ಒಂದು ವಾರ ಬರೀ ಅಡುಗೆ. ಹೆಂಡತಿ ಝಿಲ್ಮಿಗೆ ಹಸಿರು ಮೈ, ಮೂರು ಕಣ್ಣು; ಬಾಯಲ್ಲಿ ಮಾತ್ರ ಸುಲೋಚನಾಳ ಮಾತು. ಓದುಗರು ಮೂವತ್ತೊಂದು ಜನ. ಗದಗಿನಿಂದ ಒಬ್ಬರು, "ಝಿಲ್ಮಿ ನಮ್ಮ ಮನೆಯಾಕಿಯಂಗ ಬೈತಾಳ" ಎಂದು ಬರೆದಿದ್ದರು. ಚಿದಂಬರ ಆ ಸಾಲನ್ನು ಎರಡು ದಿನ ಓದಿದ್ದ.

ಕುಕ್ಕರಿನ ಮಾತು ಐವತ್ತೆರಡನೆಯದು. ಕೊನೆಯದು. ಇವತ್ತು ಸಂಜೆ ಇದನ್ನು ಹಾಕಿದರೆ ಝಿಲ್ಮಿಯ ಬಾಯಿ ಕಟ್ಟಿದಂತೆ. ತಾನೇ ಮಾತು ಹುಟ್ಟಿಸಿ ಬರೆಯಲು ಒಂದೆರಡು ಸಲ ನೋಡಿದ್ದ. "ವಿಷಯ: ಕರಿಬೇವಿನ ಕೊರತೆಯ ಬಗ್ಗೆ" ಎನ್ನುವ ಧಾಟಿಯಲ್ಲಿ ಝಿಲ್ಮಿ ಮಾತಾಡತೊಡಗಿದ್ದಳು. ಅಳಿಸಿಹಾಕಿದ್ದ.

ಅದಕ್ಕೇ ಕೊನೆಯದನ್ನು ಬಿಟ್ಟುಕೊಡಲಾರದೆ ಮತ್ತೆ ಮತ್ತೆ ಕೇಳಿದ. ಮೇ ತಿಂಗಳು. ಕೂಲರಿಗಾಗಿ ಕಿಟಕಿಗಳೆಲ್ಲ ತೆರೆದಿದ್ದವು.

ಒಂಬತ್ತಕ್ಕೆ ಯಾರೋ ಬಾಗಿಲು ಬಡಿದರು. ಕಾಶೀನಾಥ. ಕೆಳಗಿನ ಮಹಡಿಯವನು, ಸೊಲ್ಲಾಪುರದ ಕಡೆಯವನು, ಸೊಸೈಟಿಯ ಸೆಕ್ರೆಟರಿ. ಇಲ್ಲಿಗೆ ಬಂದು ಎಂಟು ತಿಂಗಳಾಗಿತ್ತಷ್ಟೇ, ಸುಲೋಚನಾಳನ್ನು ಕಂಡವನಲ್ಲ. ಕನ್ನಡ ಮನೆಮಾತು, ಕಲಿತದ್ದು ಮರಾಠಿ ಶಾಲೆ. ಹಾಗಾಗಿ ಕನ್ನಡ ಕಿವಿಗೆ ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ.

"ಏನ್ ಚಿದಂಬರರಾವ್, ಮನಿಗೆ ಪಾವ್ಣೇರು, ಬೀಗರು ಬಂದಾರೇನು?"

"ಯಾರೂ ಇಲ್ರಿ."

"ಮತ್ತ ಕುಕ್ಕರ್ ಬಂದ್ ಮಾಡ್ರಿ ಅನ್ನಾಕತ್ತಾಕಿ ಯಾರು? ಹನ್ನೊಂದು ಸಲ ಹೇಳ್ಯಾಳ. ನಾ ಎಣಿಸೀನಿ."

ಚಿದಂಬರ ಮೊಬೈಲನ್ನು ಬೆನ್ನ ಹಿಂದೆ ಹಿಡಿದ. ನಿಜ ಹೇಳಬಹುದಿತ್ತು. ಆದರೆ ಹಿಂದೆ ಒಮ್ಮೆ ಭಾವಮೈದುನನಿಗೆ ಹೇಳಿದ್ದಕ್ಕೆ, "ಮಾವ, ಹಿಂಗ ಕುಂತ್ರ ತಲಿ ಕೆಡತೈತಿ, ಅಳಿಸಿಬಿಡ್ರಿ" ಎಂದು ಮೊಬೈಲಿಗೇ ಕೈಹಾಕಿದ್ದ. ಅಂದಿನಿಂದ ಅವನು ಆ ದನಿಗಳನ್ನು ಹುಲಿ ಮರಿ ಅಡಗಿಸಿಟ್ಟಂತೆ ಅಡಗಿಸಿಟ್ಟಿದ್ದ.

"ಅದು... ನನ್ನ ಕಾಮಿಕ್ಸಿನ ಪಾತ್ರರಿ. ಝಿಲ್ಮಿ ಅಂತ. ಬ್ಯಾರೆ ಗ್ರಹದಾಕಿ." ಟ್ಯಾಬು ತಂದು ತೋರಿಸಿದ.

ಕಾಶೀನಾಥ ಕನ್ನಡಕ ಏರಿಸಿ ಹಸಿರು ಹೆಂಗಸನ್ನು, ಅವಳ ನೈಟಿಯನ್ನು, ಪಕ್ಕದಲ್ಲಿ ಥೇಟ್ ಚಿದಂಬರನ ಮೀಸೆಯನ್ನೇ ಹೊತ್ತ ನಾಲ್ಕು ಕೈಗಳ ಗಂಡಸನ್ನು ಬಹಳ ಹೊತ್ತು ನೋಡಿದ.

"ನೋಡ್ರಿ, ಪಾವ್ಣೇರ ಹೆಂಗಸು ಕುಕ್ಕರ್ ಬಂದ್ ಮಾಡ್ರಿ ಅನ್ನಾಂಗಿಲ್ಲ, ತಾನ ಎದ್ದು ಬಂದ್ ಮಾಡ್ತಾಳ. ಇಕಿ ಹನ್ನೊಂದು ಸಲ ಹೇಳ್ಯಾಳ, ನೀವು ಹನ್ನೊಂದು ಸಲಾನೂ ಎದ್ದಿಲ್ಲ. ಇದು ಲಗ್ನಾಗಿ ಇಪ್ಪತ್ತು ವರ್ಷ ಆದವ್ರ ಲಕ್ಷಣ. ನನಗ ಹೇಳಬ್ಯಾಡ್ರಿ. ಈ ಫಾರ್ಮ್ ಜಲ್ದಿ ತುಂಬಿಕೊಡ್ರಿ. ಬಾಡಿಗೀಯವರು ಇರ್ಲಿ, ಬಳಗದವರು ಇರ್ಲಿ, ತಿಂಗಳ ಮ್ಯಾಲೆ ಇದ್ರ ಪೊಲೀಸ್ ವೆರಿಫಿಕೇಶನ್ ಕಂಪಲ್ಸರಿ."

ಫಾರ್ಮು ಮೇಜಿನ ಮೇಲೆ ಉಳಿಯಿತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಚಿದಂಬರ ಒಂದು ಫಾರ್ಮನ್ನೂ ಖಾಲಿ ಹಿಂದಿರುಗಿಸಿದವನಲ್ಲ. ಖಾಲಿ ಕಾಲಂ ಕಂಡರೆ ಅವನಿಗೆ ಯಾರೋ ಅಂಗಿಯ ಗುಂಡಿ ಹಾಕದೆ ಎದುರು ನಿಂತಂತೆ ಕಸಿವಿಸಿಯಾಗುತ್ತಿತ್ತು. ಕತೆಯದೇ ವಿವರ ಬರೆದರೆ ಓದಿದವರಿಗೆ ಇದು ಕತೆಯೆಂದು ತಿಳಿದು ಮಾತು ಮುಗಿಯುತ್ತದೆ ಎಂದೂ ಅನ್ನಿಸಿತು. ಬರೆದ. ಫಾರ್ಮು ಮರಾಠಿಯದು, ಬರೆದದ್ದೂ ಮರಾಠಿಯಲ್ಲೇ. ಹೆಸರು: ಝಿಲ್ಮಿ. ಖಾಯಂ ವಿಳಾಸ: ಝುಂಬ ಗ್ರಹ, ಎರಡನೇ ಸೂರ್ಯನ ಹಿಂದೆ. ಗುರುತಿನ ಚಿಹ್ನೆ: ಹಣೆಯಲ್ಲಿ ಒಂದು ಹೆಚ್ಚಿನ ಕಣ್ಣು. ಉದ್ಯೋಗ: ಗೃಹಿಣಿ. ಅರ್ಜಿದಾರರೊಂದಿಗೆ ಸಂಬಂಧ ಎಂಬಲ್ಲಿ ಮಾತ್ರ ಪೆನ್ನು ನಿಂತಿತು. ಕೊನೆಗೆ 'ಹೆಂಡತಿ' ಎಂದು ಬರೆದು ಸಹಿ ಹಾಕಿದ.

ಕಾಶೀನಾಥ ಓದಿ ನಗಲಿಲ್ಲ. "ಹಣ್ಯಾಗ ಕಣ್ಣು? ಹಚ್ಚಿ ಹಾಕಿಸ್ಯಾಳೇನು?" ಎಂದವನೇ ಫಾರ್ಮಿನ ಫೋಟೋವನ್ನೂ ಕಾಮಿಕ್ಸಿನ ಲಿಂಕನ್ನೂ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಹಾಕಿದ.

ಹನ್ನೊಂದು ಗಂಟೆಗೆಲ್ಲ ಇಡೀ ಬಿಲ್ಡಿಂಗು ಐವತ್ತೊಂದು ಕಂತು ಮುಗಿಸಿತ್ತು. ಕನ್ನಡ ಓದಲು ಬರುವವರು ಒಬ್ಬರೂ ಇಲ್ಲದ್ದರಿಂದ ಎಲ್ಲರೂ ಚಿತ್ರ ನೋಡಿ ಕತೆ ಕಟ್ಟಿಕೊಂಡರು. ಮಾತಿಲ್ಲದೆ ನೋಡಿದರೆ ಅದು ಸ್ಪಷ್ಟವಾಗಿತ್ತು: ಹೆಂಡತಿ ಸತ್ತದ್ದೇ ತಡ, ಈ ಮನುಷ್ಯ ಇನ್ನೊಬ್ಬಳನ್ನು ತಂದಿಟ್ಟುಕೊಂಡು ಅವಳಿಗೆ ದಿನವೂ ಕರಿಬೇವು ತಂದುಕೊಡುತ್ತಿದ್ದಾನೆ.

ಮೊದಲು ಮೇಲೆ ಬಂದವಳು ನೆಲಮಹಡಿಯ ಶರ್ವಾಣಿ. ಮನೆಯಲ್ಲೇ ಟ್ಯೂಶನ್ ನಡೆಸುವ ಹೆಂಗಸು. ಹಿಂದಿಯಲ್ಲೇ ಬೆತ್ತ ಹಿಡಿದಂತೆ ಮಾತಾಡುತ್ತಿದ್ದಳು.

"ಅಂಕಲ್‌ಜೀ, ನೀವು ಯಾರನ್ನಾದರೂ ಇಟ್ಟುಕೊಳ್ಳಿ, ನನಗೆ ಸಂಬಂಧವಿಲ್ಲ. ಆದರೆ ಜನವರಿಯಿಂದ ನಿಮ್ಮ ವಿಮಾನ ಪಾರ್ಕಿಂಗಿನ ನಾಲ್ಕನೇ ನಂಬರಿನಲ್ಲಿ ನಿಂತಿದೆ. ನಾಲ್ಕು ನನ್ನ ಸ್ಕೂಟಿಯ ಜಾಗ!"

"ಮೇಡಮ್, ಅದು ಚಿತ್ರ. ವಿಮಾನವೂ ಅಲ್ಲ, ಆಕಾಶನೌಕೆ."

"ಚಿತ್ರದಲ್ಲಿ ನಂಬರು ಸರಿಯಾಗಿಯೇ ಬರೆದಿದ್ದೀರಲ್ಲ!"

ಬರೆದಿದ್ದ. ತಪ್ಪು ಅವನದೇ. ಕ್ಷಮೆ ಕೇಳಿ, ಬಾಗಿಲು ಹಾಕಿಕೊಂಡು, ಹತ್ತೊಂಬತ್ತು ಕಂತುಗಳಲ್ಲಿ ಆಕಾಶನೌಕೆಯನ್ನು ಒಂದೊಂದಾಗಿ ಅಳಿಸಿ ಅತಿಥಿಗಳ ಪಾರ್ಕಿಂಗಿಗೆ ಸರಿಸಿದ. ಮುಗಿದಾಗ ಮೂರು ಗಂಟೆ. ಊಟ ಆಗಿರಲಿಲ್ಲ. ಆಗ ಗುಂಪಿನಲ್ಲಿ ಕಾಶೀನಾಥನ ಹೊಸ ಸೂಚನೆ ಬಂತು: ಅತಿಥಿಗಳ ಪಾರ್ಕಿಂಗಿನಲ್ಲಿ ಇಪ್ಪತ್ನಾಲ್ಕು ತಾಸಿಗಿಂತ ಹೆಚ್ಚು ವಾಹನ ನಿಲ್ಲಿಸುವಂತಿಲ್ಲ. ಸಂಜೆ ಆರೂವರೆಗೆ ಮೀಟಿಂಗು. ವಿಷಯ: ನೋಂದಣಿಯಾಗದ ಒಬ್ಬ ಹೆಂಗಸು, ಒಂದು ವಾಹನ.

ಆರೂವರೆಗೆ ಪಾರ್ಕಿಂಗಿನಲ್ಲಿ ಹನ್ನೆರಡು ಪ್ಲಾಸ್ಟಿಕ್ ಕುರ್ಚಿಗಳು ಬಿದ್ದಿದ್ದವು. ಹದಿಮೂರನೆಯದರಲ್ಲಿ ಬೀಟ್ ಕಾನ್‌ಸ್ಟೇಬಲ್ ನಿತಿನ್ ಕೂತು ಚಹಾ ಕುಡಿಯುತ್ತಿದ್ದ. ಕಾಶೀನಾಥ ದಾರಿಯಲ್ಲಿ ಹೋಗುತ್ತಿದ್ದವನನ್ನು ಕರೆದು ಕೂರಿಸಿದ್ದ. ಫಾರ್ಮು ಓದಿ ನಿತಿನ್‌ಗೆ ನಗು ತಡೆಯಲಾಗಲಿಲ್ಲ.

"ಕಾಕಾ, ಎರಡನೇ ಸೂರ್ಯನ ಹಿಂದಿನ ಠಾಣೆ ನಮ್ಮ ಹದ್ದಿನಲ್ಲಿ ಬರೋದಿಲ್ಲ," ಎಂದ ಮರಾಠಿಯಲ್ಲಿ. "ಆ ಹೆಂಗಸನ್ನು ಒಂದು ಸಲ ಕೆಳಗೆ ಕರೀರಿ. ಎಲ್ಲರೂ ನೋಡಲಿ, ಮುಗೀತು."

"ಕರಿಯೋಕೆ ಆಗೋದಿಲ್ಲ ಸಾಹೇಬ್ರೆ."

"ಯಾಕ ಆಗೂದಿಲ್ಲ?" ಎಂದ ಕಾಶೀನಾಥ. "ಕುಕ್ಕರ್ ಇಟ್ಟಾಳೇನು?"

ಎಲ್ಲರೂ ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಭಾನುವಾರದ ಸಂಜೆಯ ನಗು. ಚಿದಂಬರ ಕುರ್ಚಿ ಹಿಂದಕ್ಕೆ ಸರಿಸಿದ. ಎದ್ದು ನಿಂತ. ಮೊಬೈಲು ತೆಗೆದು ಒತ್ತಿದ.

"ಏನ್ರೀ, ನಾ ಗುಡಿಗೆ ಹೊಂಟೀನಿ. ಕುಕ್ಕರ್ ಇಟ್ಟೀನಿ..."

ಕಾಶೀನಾಥನಿಗೆ ಮಾತು ತಿಳಿಯಿತು. ಉಳಿದವರಿಗೆ ತಿಳಿಯಲಿಲ್ಲ, ಆದರೆ ಹಳಬರಿಗೆ ದನಿ ತಿಳಿಯಿತು. ಶರ್ವಾಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಿತಿನ್ ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತ. ಕಾಶೀನಾಥ ಆ ಕಡೆ ಈ ಕಡೆ ನೋಡಿ, ಪಕ್ಕದವರು ಕಿವಿಯಲ್ಲಿ ಹೇಳಿದ್ದನ್ನು ಕೇಳಿ, ಫಾರ್ಮನ್ನು ಮಡಚಿ ಜೇಬಿಗಿಟ್ಟುಕೊಂಡ. "ಮೊದ್ಲ ಹೇಳಬಾರದೇನ್ರೀ ಮಾರಾಯ್ರ," ಎಂದ ಬಹಳ ಸಣ್ಣ ದನಿಯಲ್ಲಿ.

"ಇದೇ ಕೊನೇದು," ಎಂದ ಚಿದಂಬರ ಮರಾಠಿಯಲ್ಲಿ, ಎಲ್ಲರಿಗೂ. "ಇನ್ನಿಲ್ಲ. ಏಳು ಗಂಟೆಗೆ ಇದೂ ಮುಗೀತದ."

ಗೇಟಿನಲ್ಲಿ ಆಟೋ ನಿಂತಿತ್ತು. ಚಿದಂಬರನ ಎದುರು ಮನೆಯ ರಚನಾ ನಾಲ್ಕು ದಿನ ತವರಿಗೆ ಹೋಗಿದ್ದವಳು, ಕೈಯಲ್ಲಿ ಹಪ್ಪಳದ ಡಬ್ಬಿ ಹಿಡಿದು ಅಲ್ಲೇ ಕಂಬದಂತೆ ನಿಂತಿದ್ದಳು.

"ಸುಲೋಚನಾ ವಹಿನಿ!" ಎಂದಳು, ಸ್ವಂತ ಅತ್ತಿಗೆಯನ್ನು ಕರೆದಂತೆ. ಆಮೇಲೆ ಹತ್ತಿರ ಬಂದು, "ಭಾವೂ, ಕೊನೇದು ಅಂದ್ರೇನು? ನನ್ನ ಹತ್ರ ಇದ್ದಾವಲ್ಲ. ದಿನಾ ಮಧ್ಯಾಹ್ನ ಕಳಿಸ್ತಿದ್ರು. ಮುನ್ನೂರಾದ್ರೂ ಇರಬೇಕು. ಒಂದೂ ಅಳಿಸಿಲ್ಲ."

ಮುನ್ನೂರು! ಚಿದಂಬರ ನಿಂತಲ್ಲೇ ಲೆಕ್ಕ ಹಾಕಿದ. ವಾರಕ್ಕೊಂದರಂತೆ ಆರು ವರ್ಷ. ಸುಲೋಚನಾ ಇನ್ನೂ ಆರು ವರ್ಷ ಮಾತಾಡುತ್ತಾಳೆ. ಅವನು ಹಲ್ಲು ಕಾಣುವಂತೆ ನಕ್ಕದ್ದನ್ನು ಬಿಲ್ಡಿಂಗಿನವರು ವರ್ಷದ ಮೇಲೆ ನೋಡಿದರು. ಕಾಶೀನಾಥ ತಾನೇ ಕುರ್ಚಿಗಳನ್ನು ಎತ್ತಿಟ್ಟ, ಜನರನ್ನು ಕೈಬೀಸಿ ಕಳಿಸಿದ.

ಮೆಟ್ಟಿಲ ಮೇಲೆ ಕೂತು ರಚನಾ ಮೊಬೈಲು ಒತ್ತಿದಳು.

"ಅಗ ರಚನಾ, ಐಕ ನಾ..."

ಚಿದಂಬರ ಕೈ ಅಡ್ಡ ಹಿಡಿದ. "ಇದು ಬೇರೆ ಯಾರದೋ ಹಾಕಿದ್ರಿ."

"ವಹಿನಿಯದೇ, ಭಾವೂ."

ದನಿ ಅವಳದೇ. ಮಾತು ಮರಾಠಿ. ಅದೂ ತೊಡರಿಲ್ಲದ, ನೀರು ಹರಿದಂಥ, ಇಲ್ಲೇ ಹುಟ್ಟಿ ಬೆಳೆದವರ ಮರಾಠಿ. ಇಪ್ಪತ್ತೆರಡು ವರ್ಷ ನಾಗಪುರದಲ್ಲಿದ್ದು ಸುಲೋಚನಾ ಮರಾಠಿಯ ಒಂದು ಮಾತು ಆಡಿದ್ದನ್ನು ಅವನು ಕೇಳಿರಲಿಲ್ಲ. "ನನಗ ಬರೂದಿಲ್ರಿ, ನೀವ ಮಾತಾಡ್ರಿ" ಎಂದು ಅಂಗಡಿಯಲ್ಲಿ ಅವನ ಹಿಂದೆ ನಿಲ್ಲುತ್ತಿದ್ದಳು.

ದನಿ ಮುಂದುವರಿಯಿತು. "ಇವತ್ತು ಇತವಾರಿ ಬಜಾರಿಗೆ ಹೋಗಿದ್ವಿ. ಇವ್ರು ನನ್ನ ಪರವಾಗಿ ಮಾತಾಡಿದ್ರು. ಅರ್ಧ ತಪ್ಪು! ತೊಗರಿಬೇಳೆ ಕೇಳೋಕೆ ಹೋಗಿ ಅಂಗಡಿಯವನ ಅಪ್ಪನ ಆರೋಗ್ಯ ಕೇಳಿ ಬಂದ್ರು. ನಾನು ಸುಮ್ಮನೆ ನಿಂತಿದ್ದೆ. ನನಗೆ ಬರತ್ತೆ ಅಂತ ಹೇಳಬೇಡ ಮತ್ತೆ. ಗೊತ್ತಾದ್ರೆ ನೀನೇ ಹೋಗು ಅಂತಾರೆ. ವಾರದಲ್ಲಿ ಆ ಎರಡು ತಾಸೇ ಅವರು ನನ್ನ ಪಕ್ಕದಲ್ಲಿ ನಡೆಯೋದು."

ಆಮೇಲೆ ಅವಳು ನಕ್ಕಳು. ಸಣ್ಣ ನಗುವಲ್ಲ. ಉಸಿರು ಸಿಕ್ಕಿ, ನಿಂತು, ಮತ್ತೆ ಶುರುವಾಗಿ, ಹೊಟ್ಟೆ ಹಿಡಿದುಕೊಂಡು ನಗುವ ನಗು.

ರಚನಾ ಇನ್ನೊಂದು ಒತ್ತಿದಳು. ಹಾಡು. ಇನ್ನೊಂದು. ಕಾಶೀನಾಥನಿಗಿಂತ ಮುಂಚಿನ ಸೆಕ್ರೆಟರಿಯನ್ನು ಅಣಕಿಸಿದ ಮಾತು. ಮತ್ತೆ ಅದೇ ನಗು. ಯಾವುದರಲ್ಲೂ ಕರಿಬೇವಿಲ್ಲ, ಕುಕ್ಕರಿಲ್ಲ. ಒಂದನ್ನೂ ಝಿಲ್ಮಿಯ ಬಾಯಲ್ಲಿ ಇಡಲು ಬರುವಂತಿರಲಿಲ್ಲ, ಇವಳು ಝಿಲ್ಮಿಯಲ್ಲ. ವರ್ಷವಿಡೀ ಮೂವತ್ತೊಂದು ಜನಕ್ಕೆ ಅವನು ತೋರಿಸಿದ್ದು ಇವಳನ್ನಲ್ಲ.

"ಎಲ್ಲ ಕಳಿಸಿಬಿಡ್ಲಾ?" ಎಂದಳು ರಚನಾ.

ಚಿದಂಬರ ತಲೆಯಾಡಿಸಿದ. ಅವನ ಮೊಬೈಲು ಟಿಣ್ ಟಿಣ್ ಎನ್ನತೊಡಗಿತು. ಏಳು ಹೊಡೆದು ಹೋಗಿತ್ತು. ಮೀಟಿಂಗಿಗೆಂದು ತಂದಿದ್ದ ಟ್ಯಾಬು ತೆಗೆದು ಹೊಸ ಹಾಳೆ ಬಿಡಿಸಿಕೊಂಡ. ಒಂದು ದುಂಡನೆಯ ಮುಖ ಬರೆದ. ಅಲ್ಲಿಗೆ ಕೈ ನಿಂತಿತು.

"ರಚನಾ ವಹಿನಿ, ಒಂದು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಹಿಂಗ ನಗುವಾಗ... ಆಕಿ ಮುಖ ಹೆಂಗ ಆಗ್ತಿತ್ತು?"

ರಚನಾ ನಗಲು ಹೋಗಿ ಅವನನ್ನು ನೋಡಿ ನಿಲ್ಲಿಸಿದಳು. ಹಪ್ಪಳದ ಡಬ್ಬಿಯನ್ನು ಪಕ್ಕಕ್ಕಿಟ್ಟಳು.

"ಮೊದಲು ಎಡಗೈಯಿಂದ ಬಾಯಿ ಮುಚ್ಚಿಕೊಳ್ತಿದ್ರು," ಎಂದಳು.

"ಎಡಗೈ," ಎಂದು ಚಿದಂಬರ ಬರೆದುಕೊಂಡ. "ಸಾವಕಾಶ ಹೇಳ್ರಿ. ಆಮೇಲೆ?"