ಎಲ್ಲರದೂ ತಿಂಡಿ ಆಗಿತ್ತು

ತಪ್ಪು ಕಂಡಲ್ಲಿ ಸುಮ್ಮನಿರಲಾಗದ ಸ್ವಭಾವವೂ ಒಂದು ಕಾಯಿಲೆಯೇ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಕಾಲೇಜಿನ ದಿನಗಳಲ್ಲಿ ಅಧ್ಯಯನ ಶಿಬಿರಗಳ ಚಾಪೆಯ ಮೇಲೆ ಕುಳಿತು, ಬೀದಿ ನಾಟಕಗಳಲ್ಲಿ ಗಂಟಲು ಹರಿಯುವಂತೆ ಕೂಗಿ ನಾನು ಅಂಟಿಸಿಕೊಂಡು ಬಂದ ಕಾಯಿಲೆ ಇದು. ಬಸ್ಸಿನಲ್ಲಿ ಮಹಿಳೆಯರ ಸೀಟಿನಲ್ಲಿ ಗಂಡಸೊಬ್ಬ ಕುಳಿತಿದ್ದರೆ ಅದು ಮೊದಲನೆಯ ತಪ್ಪು. ಅವನನ್ನು ಎಬ್ಬಿಸದ ಕಂಡಕ್ಟರನದು ಎರಡನೆಯದು. ನೋಡಿಯೂ ಕಿಟಕಿಯಾಚೆಗೆ ಮುಖ ತಿರುಗಿಸಿದ ಪ್ರಯಾಣಿಕರದು ಮೂರನೆಯದು. ಕಾರ್ಕಳದಲ್ಲಿ ಹತ್ತಿ ಉಡುಪಿಯಲ್ಲಿ ಇಳಿಯುವಷ್ಟರಲ್ಲಿ ಸಮಾಜದ ಅರ್ಧ ಭಾಗವನ್ನು ನಾನು ಕಟಕಟೆಗೆ ಹತ್ತಿಸಿರುತ್ತೇನೆ. ಮದುವೆಯಾದ ಮೊದಲ ತಿಂಗಳಲ್ಲೇ ಇದನ್ನು ಕಂಡುಕೊಂಡ, ಅಂಚೆ ಕಚೇರಿಯಲ್ಲಿ ಕೆಲಸಕ್ಕಿರುವ ನನ್ನ ಹೆಂಡತಿ ಶಾರದೆ, "ನೀವು ಮುಂದಿನ ಬಸ್ಸಿಗೆ ಹೋಗಿ, ನಾನು ಹಿಂದಿನದರಲ್ಲಿ ಬರ್ತೇನೆ" ಎಂದಿದ್ದಳು. ಇಷ್ಟು ವರ್ಷಗಳಲ್ಲಿ ನಾನು ಎತ್ತಿ ತೋರಿಸಿದ ತಪ್ಪುಗಳಲ್ಲಿ ನನ್ನದೇ ಆದದ್ದು ಒಂದುಂಟು. ಪ್ರಾಮಾಣಿಕತೆಯ ದೃಷ್ಟಿಯಿಂದ ಅದನ್ನೂ ಹೇಳಿಬಿಡುವುದು ಒಳ್ಳೆಯದು.

ಆಗ ನಾನು ಮಣಿಪಾಲದ ಗುಡ್ಡದ ಕೆಳಗಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿಯ ಅಧ್ಯಾಪಕನಾಗಿದ್ದೆ. ಗುಡ್ಡದ ಮೇಲೆ ವರ್ಷಕ್ಕೊಂದರಂತೆ ಬಹುಮಹಡಿ ಕಟ್ಟಡಗಳು ಏಳುತ್ತಿದ್ದವು. ಅವನ್ನು ಕಟ್ಟಲು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದವರು ಗುಡ್ಡದ ಬುಡದಲ್ಲಿ ತಗಡಿನ ಶೆಡ್ಡುಗಳಲ್ಲಿ ಇದ್ದರು. ಊರಿನ ತುಳು ಮಾತಾಡುವ ಮನೆಗಳ ಮಕ್ಕಳು ಒಂದೊಂದಾಗಿ ಇಂಗ್ಲಿಷ್ ಶಾಲೆಯ ವ್ಯಾನು ಹತ್ತುತ್ತಿದ್ದಂತೆ, ನಮ್ಮ ಹಾಜರಿ ಪುಸ್ತಕದಲ್ಲಿ ಎಲ್ಲವ್ವ, ಹುಲಿಗೆಮ್ಮ, ಯಮನೂರ ಎಂಬ ಹೆಸರುಗಳು ಹೆಚ್ಚಾದವು. ಅದೇ ಸಮಯಕ್ಕೆ ಸರಕಾರದ ಬಿಸಿಯೂಟ ಬಂತು. ಆದರೆ ಮೊದಲಿಗೆ ಬಂದದ್ದು ಐದನೆಯ ತರಗತಿಯವರೆಗೆ ಮಾತ್ರ. ಒಂದೇ ಜಗಲಿಯಲ್ಲಿ ಚಿಕ್ಕವರು ಉಣ್ಣುವುದು, ದೊಡ್ಡವರು ನೋಡುವುದು. ಐದು ಪಾಸಾದ ಕೂಡಲೇ ಹಸಿವು ನಿಂತುಹೋಗುತ್ತದೆಂಬ ಈ ಹೊಸ ವಿಜ್ಞಾನವನ್ನು ಖಂಡಿಸಿ ನಾನು ಮನವಿಗಳ ಮೇಲೆ ಮನವಿ ಬರೆದೆ. ಕೊನೆಗೆ ಆರು, ಏಳಕ್ಕೂ ಊಟ ವಿಸ್ತರಿಸಿ ಆದೇಶ ಬಂತು. ಅದು ನನ್ನ ಮನವಿಗಳಿಂದಲೇ ಬಂತೆಂದು ಬಹುಕಾಲ ನಂಬಿದ್ದೆ. ಆದೇಶ ಇಡೀ ರಾಜ್ಯಕ್ಕೆ ಅನ್ವಯವಾದದ್ದೆಂದು ತಿಳಿದ ಮೇಲೂ ಸ್ವಲ್ಪ ನಂಬಿದ್ದೆ.

ಊಟ ಬಂದ ಮೇಲೆ ಒಂದು ವಿಚಿತ್ರ ಕಂಡಿತು. ಎಲ್ಲವ್ವ ಎಂಬ ಹುಡುಗಿಗೆ ಬೆಳಗಿನ ಅವಧಿಯಲ್ಲಿ ಕೇಳಿದರೆ ಒಂದು ನದಿಯ ಹೆಸರೂ ಬರುತ್ತಿರಲಿಲ್ಲ. ಮಧ್ಯಾಹ್ನ ಎರಡರ ಮೇಲೆ ಕೇಳಿದರೆ ಉಪನದಿಗಳ ಸಮೇತ ಹೇಳುತ್ತಿದ್ದಳು. ಇದಕ್ಕೆ ನಾನು ಬೋಧನಾ ವಿಧಾನದಲ್ಲಿ ಕಾರಣ ಹುಡುಕುತ್ತಿದ್ದೆ. ಒಂದು ಸೋಮವಾರ ಪ್ರಾರ್ಥನೆಯ ನಡುವೆ ಅವಳು ಕಣ್ಣು ಕತ್ತಲೆ ಬಂದು ಅಂಗಳದಲ್ಲೇ ಕುಳಿತುಬಿಟ್ಟಳು. ನಮ್ಮ ಅಡುಗೆಯ ಗುಲಾಬಿಯಕ್ಕ ಓಡಿಬಂದು ಬೆಲ್ಲ ನೀರು ಕುಡಿಸಿದಾಗ ಕಾರಣ ತಾನಾಗಿಯೇ ಸಿಕ್ಕಿತು. ಅವಳ ತಾಯಿ ಹಣಮವ್ವ ಆರೂವರೆಗೇ ಕಾಮಗಾರಿಯ ಲಾರಿ ಹತ್ತಿ ಹೋಗುತ್ತಿದ್ದಳು. ಹಿಂದಿನ ದಿನ ಮಿಕ್ಕಿದ್ದರೆ ಉಂಟು, ಇಲ್ಲದಿದ್ದರೆ ಮಧ್ಯಾಹ್ನ ಒಂದು ಗಂಟೆಯವರೆಗೆ ಇಲ್ಲ. ಮಧ್ಯಾಹ್ನದ ಊಟ ಸರಕಾರದ್ದಾಯಿತು, ಬೆಳಗಿನ ತಿಂಡಿ ಯಾರದು? ಶಾಲೆಯಲ್ಲೇ ಕೊಡಬೇಕು, ಎಲ್ಲ ಮಕ್ಕಳಿಗೂ ಕೊಡಬೇಕು ಎಂದು ಅಂದೇ ನಿಶ್ಚಯಿಸಿದೆ. ನಿಶ್ಚಯಿಸುವುದರಲ್ಲಿ ನಾನು ಯಾವಾಗಲೂ ಬಹಳ ವೇಗ.

ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ವಿಷಯ ಮಂಡಿಸಿದೆ. ಅಧ್ಯಕ್ಷ ಶೆಟ್ಟರು ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಊರಿಗೆ ಮರಳಿದವರು. ಜನರಿಗೆ ತಿನ್ನಿಸುವ ವಿಷಯದಲ್ಲಿ ಅವರ ಎದುರು ನಾನು ಮಾತಾಡುವುದೇ ಉದ್ಧಟತನ. ಅವರು ಶಾಂತವಾಗಿ, "ಒಳ್ಳೆಯ ಕೆಲಸ ಮಾಸ್ಟ್ರೇ. ಅಕ್ಕಿ ಕೊಡುವವರು ಉಂಟು. ಕಾಪುವಿನ ನಮ್ಮ ತಂಗಿಯ ಮನೆಯಿಂದ ತೆಂಗಿನಕಾಯಿ ತರಿಸುವ. ಆದರೆ ಎಲ್ಲರಿಗೆ ಯಾಕೆ? ಪಾಪದ ಮಕ್ಕಳಿಗೆ ಮಾತ್ರ ಸಾಕಲ್ವಾ" ಎಂದರು. ಬಡವರಿಗೆ ನಮ್ಮ ಕರಾವಳಿಯವರು ಅನ್ನುವ ಆ 'ಪಾಪದ ಮಕ್ಕಳು' ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕಾಯಿಲೆ ಕೆರಳಿತು. ಎದ್ದು ನಿಂತು ಆ ಶಬ್ದದೊಳಗಿನ ಅವಮಾನವನ್ನೂ, ಒಂದೇ ಸೂರಿನ ಕೆಳಗೆ ಮಕ್ಕಳನ್ನು ಎರಡು ಪಂಕ್ತಿ ಮಾಡುವ ಅನ್ಯಾಯವನ್ನೂ, ದಾನಕ್ಕೂ ಹಕ್ಕಿಗೂ ಇರುವ ವ್ಯತ್ಯಾಸವನ್ನೂ ವಿವರಿಸಿದೆ. ಸಭೆ ಆಕಳಿಸಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಕೆಲಸ ಆಗುತ್ತಿತ್ತೋ ಏನೋ. ಆದರೆ ನಾನು, "ನಿಮಗೆ ಆಧಾರ ಬೇಕಲ್ಲವೇ, ಎಷ್ಟು ಮಕ್ಕಳು ಹಸಿದು ಬರುತ್ತಾರೆಂದು ಸಮೀಕ್ಷೆ ಮಾಡಿಯೇ ತೋರಿಸುತ್ತೇನೆ" ಎಂದೆ. ಶೆಟ್ಟರ ಮುಖ ಅರಳಿತು. "ಅದು ಸರಿ. ನೀವು ತಂದ ಲೆಕ್ಕದಂತೆಯೇ ಮಾಡುವ" ಎಂದು ಎಲ್ಲರೆದುರು ಮಾತು ಕೊಟ್ಟರು.

ಸಮೀಕ್ಷೆಗೆ ನಾನು ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ಇವತ್ತೂ ನೆನೆದರೆ ಒಂದಿಷ್ಟು ಹೆಮ್ಮೆಯಾಗುತ್ತದೆ. ಬೆಳಿಗ್ಗೆ ತಿಂಡಿ ಆಯಿತೇ? ಏನು? ಎಷ್ಟು? ಯಾರ ಜೊತೆ ಕುಳಿತು ತಿಂದಿರಿ? ಒಂದು ವಾರ, ದಿನಕ್ಕೊಂದು ಹಾಳೆ. ವಾರದ ಕೊನೆಗೆ ಹಾಳೆಗಳನ್ನು ಮನೆಗೆ ತಂದು ಹರಡಿಕೊಂಡು ಓದಿದೆ. ನಮ್ಮ ಶಾಲೆಯಷ್ಟು ಸಮೃದ್ಧವಾಗಿ ತಿಂದು ಬರುವ ಮಕ್ಕಳು ಈ ಕರಾವಳಿಯಲ್ಲೇ ಇರಲಿಲ್ಲ. ಎಲ್ಲರದೂ ತಿಂಡಿ ಆಗಿತ್ತು. ಯಮನೂರನದು ದಿನವೂ ಮಸಾಲೆದೋಸೆ. ಮೀನುಗಾರರ ಮನೆಯ ಹುಡುಗನೊಬ್ಬ ಇಡ್ಲಿ, ವಡೆ, ಕೇಸರಿಬಾತು ಬರೆದು, ಅನುಮಾನ ಬರಬಾರದೆಂದು ಕೊನೆಗೆ ಬಂಗುಡೆ ಮೀನನ್ನೂ ಸೇರಿಸಿದ್ದ. ಎಲ್ಲವ್ವ ಅಂಗಳದಲ್ಲಿ ಕುಸಿದು ಎರಡು ವಾರವೂ ಆಗಿರಲಿಲ್ಲ. ಅವಳ ಹಾಳೆಯಲ್ಲಿ ದುಂಡನೆಯ ಅಕ್ಷರಗಳಲ್ಲಿ 'ಉಪ್ಪಿಟ್ಟು, ಗೋಡಂಬಿ ಹಾಕಿದ್ದು' ಎಂದಿತ್ತು. ಯಾರ ಜೊತೆ ಎಂಬುದಕ್ಕೆ, 'ಎಲ್ಲರ ಜೊತೆ.' ಹಿಂದಿನಿಂದ ಇಣುಕಿ ನೋಡಿದ ಶಾರದೆ, "ನಾವೂ ಆ ಶೆಡ್ಡಿಗೇ ಹೋಗಿ ಇರುವುದಾ?" ಎಂದು ಕೇಳಿದಳು.

ಶೆಟ್ಟರು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. "ಮಾಸ್ಟ್ರೇ, ಇಷ್ಟು ಬಗೆ ನನ್ನ ಹೋಟೆಲಿನಲ್ಲೇ ಇರಲಿಲ್ಲ. ಇನ್ನು ಎಂತಕ್ಕೆ ಗಂಜಿ?" ಎಂದು ಹಾಳೆಗಳನ್ನು ಮರ್ಯಾದೆಯಿಂದಲೇ ಮಡಚಿ ನನ್ನ ಕೈಗಿಟ್ಟರು. ಆಗಬೇಕಿದ್ದ ತಿಂಡಿಯನ್ನು ಯಾವ ಶತ್ರುವೂ ತಪ್ಪಿಸಿರಲಿಲ್ಲ. ವಿರೋಧಿಸಿದವರು, ಉದಾಸೀನರು, ಅಧಿಕಾರಿಗಳು ಎಂದು ನಾನು ಬೆರಳು ತೋರಿಸಲು ಸಿದ್ಧವಾಗಿದ್ದ ಯಾರೂ ಅಲ್ಲಿರಲಿಲ್ಲ. ಸಾಕ್ಷಿ ಸಮೇತ ಅದನ್ನು ಕೊಂದವನು ನಾನೇ.

ಅಡುಗೆಕೋಣೆಯ ಮೆಟ್ಟಿಲ ಮೇಲೆ ಕುಳಿತು ಗುಲಾಬಿಯಕ್ಕನ ಹತ್ತಿರ ಮಕ್ಕಳ ಸುಳ್ಳಿನ ಬಗ್ಗೆ ದೂರಿದೆ. ಅವರು ಮಟ್ಟುಗುಳ್ಳ ಹೆಚ್ಚುತ್ತಿದ್ದರು. ಮಟ್ಟುವಿನ ಬೆಳೆಗಾರರೊಬ್ಬರು ಆಗಾಗ ಒಂದು ಬುಟ್ಟಿ ಬದನೆಕಾಯಿ ಕಳಿಸುವುದಿತ್ತು. ಕೈ ನಿಲ್ಲಿಸದೆ, "ನೀವು ಎಂತ ಕೇಳಿದ್ದು ಅವರ ಹತ್ತಿರ?" ಎಂದರು.

"ತಿಂಡಿ ಆಯಿತಾ ಅಂತ."

"ಹಾಗೆ ಕೇಳಿದರೆ ಮತ್ತೆ ಎಂತ ಹೇಳುವುದು ಮಾರಾಯ್ರೆ? ಆಯಿತು ಅಂತಲೇ ಹೇಳುವುದು. ದಾರಿಯಲ್ಲಿ ಸಿಕ್ಕಿದವರು ಊಟ ಆಯಿತಾ ಕೇಳಿದರೆ, ಆಗಲಿಲ್ಲ, ಬಡಿಸಿ ಅಂತ ನೀವು ಹೇಳ್ತೀರಾ? ಮನೆಗೆ ಬಂದವರನ್ನು ಕೇಳಿ ಬಡಿಸುವುದುಂಟಾ? ಬಟ್ಟಲು ಇಡುವುದು, ಬಡಿಸುವುದು."

ಈ ನಾಡಿನಲ್ಲಿ ಹುಟ್ಟಿ, ದಿನಕ್ಕೆ ಹತ್ತು ಸಲ 'ಊಟ ಆಯಿತಾ' ಎಂದು ಕೇಳಿ, ಹತ್ತು ಸಲ 'ಆಯಿತು' ಎಂದು ಹೇಳುತ್ತ ಬೆಳೆದವನು ನಾನು. ನಮ್ಮಲ್ಲಿ ಅದು ಪ್ರಶ್ನೆಯಲ್ಲ, ನಮಸ್ಕಾರ. ಬಾಗಲಕೋಟೆಯಲ್ಲೂ ಅಷ್ಟೇ. ಮಕ್ಕಳು ನನಗೆ ಸುಳ್ಳು ಹೇಳಿರಲಿಲ್ಲ. ಒಂದು ವಾರವಿಡೀ ಸಭ್ಯವಾಗಿ, ಸವಿವರವಾಗಿ ಮರುನಮಸ್ಕಾರ ಮಾಡಿದ್ದರು. ನಾನು ಅದನ್ನು ಲೆಕ್ಕ ಹಾಕಿ ನಕ್ಷೆ ಬರೆದಿದ್ದೆ.

ಮುಂದಿನ ಸಭೆಯಲ್ಲಿ ನನ್ನ ಸಮೀಕ್ಷೆ ತಪ್ಪೆಂದು ನಾನೇ ಎದ್ದು ಹೇಳಿದೆ. ಹಸಿದವರನ್ನು ಆರಿಸಲು ಹೊರಟರೆ ಹಸಿದವರು ಸಿಗುವುದಿಲ್ಲ, ಹೆಸರು ಬರೆಯದೆ, ಪ್ರಶ್ನೆ ಕೇಳದೆ, ಎಲ್ಲರಿಗೂ ಬಟ್ಟಲಿಟ್ಟರೆ ಮಾತ್ರ ಅವರಿಗೂ ಸಿಗುತ್ತದೆ ಎಂದೆ. ಶೆಟ್ಟರು, "ಬೊಂಬಾಯಿಗೆ ಹೋದ ಹೊಸತರಲ್ಲಿ ನನ್ನನ್ನು ಯಾರಾದರೂ ಕೇಳಿದ್ದರೆ ನಾನೂ ಆಯಿತು ಅಂತಲೇ ಹೇಳುತ್ತಿದ್ದೆ" ಎಂದರು. ಮತ್ತೆ, "ಒಂದು ವಾರ ನೋಡುವ. ಮಕ್ಕಳು ಕುಳಿತರೆ ಮುಂದುವರಿಸುವ. ಕುಳಿತುಕೊಳ್ಳದಿದ್ದರೆ ಈ ವಿಷಯ ಇನ್ನು ನನ್ನೆದುರು ಎತ್ತಬಾರದು" ಎಂದು ಷರತ್ತು ಹಾಕಿದರು.

ಮೊದಲ ದಿನ ಒಂಬತ್ತು ಗಂಟೆಗೆ ಕುಚ್ಚಲಕ್ಕಿ ಗಂಜಿ, ಕಾಯಿ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ ತಯಾರಾದವು. ಜಗಲಿಯಲ್ಲಿ ಸಾಲಾಗಿ ಬಟ್ಟಲುಗಳು. ಒಬ್ಬರೂ ಕುಳಿತುಕೊಳ್ಳಲಿಲ್ಲ. ಚಿಕ್ಕವರು ದೊಡ್ಡವರ ಮುಖ ನೋಡಿದರು. ದೊಡ್ಡವರು ಗೋಡೆಗೆ ಆತು ನಿಂತರು. ದಿನವೂ ಗೋಡಂಬಿ ಉಪ್ಪಿಟ್ಟು ತಿನ್ನುತ್ತೇನೆಂದು ಬರೆದುಕೊಟ್ಟವಳು ಈಗ ಗಂಜಿಗೆ ಹೇಗೆ ಕುಳಿತಾಳು? ಎಲ್ಲವ್ವ ಪಾತ್ರೆಯಿಂದ ಏಳುವ ಹಬೆಯನ್ನು ನೋಡುವುದು, ಮತ್ತೆ ಥಟ್ಟನೆ ಗುಡ್ಡದ ಕಡೆ ನೋಡುವುದು ಮಾಡುತ್ತಿದ್ದಳು. ಗೇಟಿನ ಬಳಿ ಶೆಟ್ಟರು ಕೈಕಟ್ಟಿ ನಿಂತಿದ್ದರು. ಗಂಜಿಯ ಮೇಲೆ ಕೆನೆ ಕಟ್ಟತೊಡಗಿತು.

ನಾನು ಚಪ್ಪಲಿ ಬಿಚ್ಚಿ, ಮೊದಲ ಬಟ್ಟಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಯಮನೂರ ಹುಬ್ಬು ಗಂಟಿಕ್ಕಿ, "ಸರ್, ನಿಮ್ಮದು ತಿಂಡಿ ಆಗಿಲ್ಲೇನ್ರಿ?" ಎಂದ. ನನ್ನ ಹೊಟ್ಟೆಯಲ್ಲಿ ಶಾರದೆಯ ಏಳು ನೀರುದೋಸೆಗಳಿದ್ದವು. "ಆಗಲಿಲ್ಲ" ಎಂದೆ. ಸತ್ಯದ ಪರವಾಗಿ ಮೆರವಣಿಗೆಯಲ್ಲಿ ನಡೆದ ನನ್ನ ಬಾಯಿಂದ ಅದು ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ಗಾಬರಿಯಾಯಿತು. "ಬಹಳ ಹಸಿವಾಗಿದೆ" ಎಂದು ಒಗ್ಗರಣೆಯನ್ನೂ ಹಾಕಿದೆ. ಎಲ್ಲವ್ವ ಗೋಡೆ ಬಿಟ್ಟು ಬಂದಳು. "ಸರ ಒಬ್ರ ಹೆಂಗ ಉಣ್ತಾರ" ಎಂದು ಯಾರಿಗೋ ಉಪಕಾರ ಮಾಡುವವಳಂತೆ ನನ್ನ ಪಕ್ಕದಲ್ಲಿ ಕುಳಿತಳು. ಆಮೇಲೆ ಯಮನೂರ, ಬಂಗುಡೆಯ ಹುಡುಗ, ಹುಲಿಗೆಮ್ಮ. ಐದು ನಿಮಿಷಕ್ಕೆ ಜಗಲಿ ತುಂಬಿತು. ಎಲ್ಲವ್ವ ಮೂರು ಸಲ ಹಾಕಿಸಿಕೊಂಡಳು. ಶೆಟ್ಟರು ಗೇಟಿನಿಂದಲೇ ಹೊರಟುಹೋದರು. ಮರುದಿನ ಅಕ್ಕಿಯ ಮೂಟೆ ಬಂತು.

ಆದರೆ ನಾನು ಒಂದು ದಿನ ಕೂರದಿದ್ದರೆ ದೊಡ್ಡ ತರಗತಿಯವರು ಮತ್ತೆ ಗೋಡೆಗೆ ಆತುಕೊಳ್ಳುತ್ತಿದ್ದರು. ಹೀಗಾಗಿ ದಿನವೂ ಕೂರಬೇಕಾಯಿತು, ದಿನವೂ ಆಗಲಿಲ್ಲ ಎನ್ನಬೇಕಾಯಿತು. ಮನೆಯಲ್ಲಿ ತಿನ್ನದೆ ಬರಬಹುದಿತ್ತಲ್ಲ ಎಂದು ನೀವು ಕೇಳುವಿರಿ. ನೀವು ಶಾರದೆಯ ನೀರುದೋಸೆ ತಿಂದವರಲ್ಲ. ಜುಲೈಯಲ್ಲಿ ಆರಂಭವಾದ ಈ ಎರಡು ತಿಂಡಿಗಳ ಬದುಕಿನಲ್ಲಿ ಡಿಸೆಂಬರಿನ ಹೊತ್ತಿಗೆ ನನ್ನ ಪ್ಯಾಂಟುಗಳೆಲ್ಲ ಬಿಗಿಯಾದವು. "ಹೋರಾಟ ಮಾಡುವವರು ಸಣ್ಣಗಾಗ್ತಾರೆ, ನಿಮ್ಮದು ಎಂತ ಹೀಗೆ?" ಎಂದು ಶಾರದೆ ಆಶ್ಚರ್ಯಪಟ್ಟಳು.

ಜನವರಿಯ ಒಂದು ಭಾನುವಾರ ನಾವಿಬ್ಬರೂ ಮಣಿಪಾಲದಲ್ಲಿ ಬಸ್ಸು ಕಾಯುತ್ತಿದ್ದೆವು. ಎಲ್ಲವ್ವನ ತಾಯಿ ಹಣಮವ್ವ ನೇರ ನನ್ನ ಕಡೆಗೆ ಬಂದು, ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಚಾಚಿದಳು. "ಸರ, ನಿಮ್ಮ ಮನ್ಯಾಗ ಅಡಗಿ ಮಾಡೋರು ಯಾರೂ ಇಲ್ಲೇನ್ರಿ? ದಿನಾ ಬರೇ ಹೊಟ್ಟೀಲೆ ಸಾಲಿಗೆ ಬರ್ತಾರ ಅಂತ ನಮ್ಮ ಹುಡುಗಿ ಮರಗತಾಳ. ಇವತ್ತ ಸೂಟಿ, ನಾಕು ರೊಟ್ಟಿ ಜಾಸ್ತಿ ಬಡದೀನಿ. ತಗೋರಿ."

ನನ್ನ ಪಕ್ಕದಲ್ಲಿ ಅಡುಗೆ ಮಾಡುವವಳು ನಿಂತಿದ್ದಳು. ನಿಜ ಹೇಳಿದರೆ ಮಾತು ನಾಳೆಯೇ ಶಾಲೆಗೆ ತಲುಪುತ್ತದೆ, ಜಗಲಿ ಖಾಲಿಯಾಗುತ್ತದೆ. ಹೇಳದಿದ್ದರೆ ಹದಿನೆಂಟು ವರ್ಷಗಳ ನೀರುದೋಸೆಗೆ ದ್ರೋಹ. ಅನ್ಯಾಯಗಳನ್ನು ಸಾಲಾಗಿ ಹೇಳಬಲ್ಲ ನಾನು ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದೆ. ಶಾರದೆ ನನ್ನ ಮುಖ ನೋಡಿದಳು, ಹೊಟ್ಟೆ ನೋಡಿದಳು, ಗಂಟು ನೋಡಿದಳು. ಆಮೇಲೆ ಎರಡೂ ಕೈಗಳಿಂದ ಅದನ್ನು ತಾನೇ ತೆಗೆದುಕೊಂಡು, "ಹೌದಮ್ಮ, ಬೆಳಿಗ್ಗೆ ನನಗೆ ಅಂಚೆ ಕಚೇರಿಗೆ ಹೋಗುವ ಗಡಿಬಿಡಿ. ಇವರಿಗೆ ಎಂತದೂ ಮಾಡಿ ಕೊಡಲಿಕ್ಕೆ ಆಗುವುದಿಲ್ಲ" ಎಂದಳು. ಬಸ್ಸಿನಲ್ಲಿ ಕೂತ ಮೇಲೆ, "ಯಾವಾಗಿನಿಂದ?" ಎಂದು ಕೇಳಿದಳು. ಜುಲೈಯಿಂದ ಎಂದೆ. ಅವಳು ಗಂಟನ್ನು ಮಡಿಲಲ್ಲಿಟ್ಟುಕೊಂಡು ತಿಂಗಳುಗಳನ್ನು ಬೆರಳಲ್ಲಿ ಎಣಿಸಿದಳು.

ಸೋಮವಾರ ಬೆಳಿಗ್ಗೆ ಶಾರದೆಯ ತಟ್ಟೆಯಲ್ಲಿ ನಾಲ್ಕು ನೀರುದೋಸೆಗಳಿದ್ದವು. ನನ್ನ ತಟ್ಟೆ ಇರಲಿಲ್ಲ. "ಮಕ್ಕಳ ಹತ್ತಿರ ಸುಳ್ಳು ಹೇಳುವುದು ತಪ್ಪಲ್ವಾ? ಇನ್ನು ನೀವು ಹೇಳಬೇಕಂತಿಲ್ಲ" ಎಂದು ಸಮಾಧಾನದಿಂದ ದೋಸೆ ಮಡಚಿದಳು. ವಾದಕ್ಕೆ ಎಡೆಯೇ ಇರಲಿಲ್ಲ. ನಡೆದು ಶಾಲೆಗೆ ಬಂದೆ. ಒಂಬತ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು. ಗುಲಾಬಿಯಕ್ಕ ಇಷ್ಟು ನಿಧಾನವಾಗಿ ಕಾಯಿ ತುರಿಯುತ್ತಾರೆಂಬುದು ನನ್ನ ಗಮನಕ್ಕೆ ಎಂದೂ ಬಂದಿರಲಿಲ್ಲ. ಬಡಿಸುವ ಸರದಿ ಅಂದು ಎಲ್ಲವ್ವನದಾಗಿತ್ತು. ಸೌಟು ಎತ್ತಿದವಳು ನನ್ನನ್ನು ಕಂಡು ಒಂದು ಗಳಿಗೆ ನಿಂತಳು. "ಇವತ್ತ ಭಾಳ ಹಸದೀರಿ ಸರ" ಎಂದು, ಕೇಳದೆಯೇ ಎರಡು ಸೌಟು ಹಾಕಿದಳು. ಮೂರನೆಯದಕ್ಕೆ ಸೌಟು ಮೇಲೆದ್ದಾಗ, ಸಾಕು, ಬೇರೆ ಮಕ್ಕಳಿದ್ದಾರೆ, ಎಲ್ಲರಿಗೂ ಸಮನಾಗಿ ಹೋಗಬೇಕು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕೈ ಬಟ್ಟಲನ್ನು ಮುಂದಕ್ಕೆ ನೂಕಿಯಾಗಿತ್ತು.