ಹನ್ನೆರಡು ಇರಬೇಕಾದಲ್ಲಿ ಹದಿನಾಲ್ಕು ಪಾಯಿಂಟ್ ಆರು

ತಪ್ಪು ಮಾಡುವುದು ಮನುಷ್ಯನ ಸ್ವಭಾವ ಎಂದು ಎಲ್ಲರೂ ಹೇಳುತ್ತಾರೆ. ಮೂವತ್ತೊಂದು ವರ್ಷ ಬೇರೆಯವರ ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದವನಿಗೆ ಈ ಮಾತಿನಿಂದ ಸಮಾಧಾನವಾಗುವುದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಈಗ ಮಾದಾಪುರದಲ್ಲಿ ಎರಡೆಕರೆ ಕಾಫಿ, ಒಬ್ಬಳು ಹೆಂಡತಿ, ಒಂದು ಹಳೆಯ ಕಂಪ್ಯೂಟರು, ಇಷ್ಟರ ಮೇಲೆ ಅಧಿಕಾರ ನಡೆಸುತ್ತಿದ್ದೇನೆ. ಮೂರರಲ್ಲಿ ಯಾವುದೂ ನನ್ನ ಮಾತು ಕೇಳುವುದಿಲ್ಲ, ಅದು ಬೇರೆ ವಿಷಯ. ಕೆಲಸಕ್ಕೆ ನಿವೃತ್ತಿ ಇದೆ, ಮೇಷ್ಟ್ರುತನಕ್ಕೆ ಇಲ್ಲ. ಬಸ್ಸಿನ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಕಂಡಕ್ಟರನ್ನು ಕರೆದು ತೋರಿಸುತ್ತೇನೆ. ಮದುವೆಮನೆಯಲ್ಲಿ ಪಾಯಸ ತಳ ಹಿಡಿದಿದ್ದರೆ ಶಾಖ ಹೇಗೆ ಹರಡುತ್ತದೆ ಎಂದು ಅಡುಗೆಯವರಿಗೆ ವಿವರಿಸುತ್ತೇನೆ. ಇಂಥ ನಾನು ಹೋದ ಸುಗ್ಗಿಯಲ್ಲಿ ಒಂದು ತಪ್ಪು ಮಾಡಿದೆ, ಅದನ್ನು ಮುಚ್ಚಲು ಇನ್ನೊಂದು ಮಾಡಿದೆ. ಬರೆಯಲು ಕೂತರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮ ಕಂಪ್ಯೂಟರು ಇದ್ದಕ್ಕಿದ್ದಂತೆ ಆಫ್ ಆಗುವ ಅಭ್ಯಾಸ ಕಲಿತುಕೊಂಡಿತ್ತು. ಊರಿನವರಿಗೆ ಅರ್ಜಿ ಟೈಪ್ ಮಾಡಿಕೊಡುವುದು ನನಗೆ ಉಳಿದಿರುವ ಒಂದೇ ಸಮಾಜಸೇವೆ. 'ಮಾನ್ಯರೇ' ಎಂದು ಬರೆಯುವಷ್ಟರಲ್ಲಿ ಪರದೆ ಕಪ್ಪಾದರೆ ಸೇವೆ ಎಲ್ಲಿ ನಡೆಯಬೇಕು? ಸುಂಟಿಕೊಪ್ಪದ ಸಫಿಯಾಳಿಗೆ ಫೋನ್ ಮಾಡಿದೆ. ಸಫಿಯಾ ನನ್ನ ಶಿಷ್ಯೆ. ಎಂಟು ತಿಂಗಳ ಹಿಂದೆ ಬಸ್ ಸ್ಟ್ಯಾಂಡಿನ ಹತ್ತಿರ, ಮೆಟ್ಟಿಲು ಹತ್ತಿ ಹೋಗುವಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಳು. ಹೆಂಗಸು ರಿಪೇರಿ ಮಾಡುತ್ತಾಳೆಂದರೆ ಜನ ಮೊದಲು ಮೆಟ್ಟಿಲ ಕೆಳಗೇ ನಿಂತು ಯೋಚಿಸುತ್ತಿದ್ದರಂತೆ. ಈಗೀಗ ಹತ್ತತೊಡಗಿದ್ದರು. ಅವಳು ಸ್ಕೂಟರಿನಲ್ಲಿ ಬಂದು, ಡಬ್ಬಿ ಬಿಚ್ಚಿ ನೋಡಿ, "ಸಾರ್, ಎಸ್‌ಎಂಪಿಎಸ್ ಹೋಗಿದೆ" ಎಂದಳು. ಗೋಡೆಯ ಕರೆಂಟನ್ನು ಇಳಿಸಿ, ಕಂಪ್ಯೂಟರಿಗೆ ಹನ್ನೆರಡು, ಐದು, ಮೂರು ಚಿಲ್ಲರೆ ವೋಲ್ಟ್ ಎಂದು ಪಾಲು ಮಾಡಿ ಕೊಡುವ ತಗಡಿನ ಪೆಟ್ಟಿಗೆ ಅದು. ಹೊಸದು ಹಾಕಿ ಹೋದಳು. ಕಂಪ್ಯೂಟರು ಮೂರು ದಿನ ಒಮ್ಮೆಯೂ ಆಫ್ ಆಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿದ್ದರು.

ನನ್ನ ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು, ಹಣ್ಣಿನ ಬುಟ್ಟಿಯ ಜೊತೆ ವೋಲ್ಟೇಜು ಅಳೆಯುವ ಒಂದು ಮಲ್ಟಿಮೀಟರನ್ನು ಕೊಟ್ಟಿದ್ದರು. ಅಂದಿನಿಂದ ಮನೆಯಲ್ಲಿ ನಾನು ಅಳೆಯದ ವಸ್ತು ಇಲ್ಲ. ಟಾರ್ಚ್, ಇನ್ವರ್ಟರ್, ಗೇಟಿನ ಬೆಲ್ಲು, ಎಲ್ಲದಕ್ಕೂ ಕೆಂಪು ಕಪ್ಪು ಕಡ್ಡಿ ಚುಚ್ಚಿ ನೋಡುತ್ತೇನೆ. "ಎಲ್ಲಾನೂ ಅಳೀತೀರಿ, ಮಾತೊಂದನ್ನ ಬಿಟ್ಟು" ಎನ್ನುತ್ತಾಳೆ ಹೆಂಡತಿ ಗಿರಿಜಾ. ಆ ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಬೇರೇನೂ ಕೆಲಸವಿಲ್ಲದೆ ಸಫಿಯಾ ಹಾಕಿದ ಪೆಟ್ಟಿಗೆಯನ್ನು ಅಳೆದೆ. ಹಳದಿ ತಂತಿಯಲ್ಲಿ ಹನ್ನೆರಡು ವೋಲ್ಟ್ ಇರಬೇಕು. ಮೀಟರು ಹದಿನಾಲ್ಕು ಪಾಯಿಂಟ್ ಆರು ತೋರಿಸಿತು. ಕೆಂಪಿನಲ್ಲಿ ಐದರ ಬದಲು ಆರು ಪಾಯಿಂಟ್ ಒಂದು. ಕಿತ್ತಳೆಯಲ್ಲಿ ಮೂರು ಪಾಯಿಂಟ್ ಮೂರರ ಬದಲು ನಾಲ್ಕು. ಮಳೆಗಾಲದಲ್ಲಿ ಬಲ್ಬು ಹಣ್ಣು ಟೊಮೆಟೊದ ಬಣ್ಣಕ್ಕೆ ಇಳಿಯುವ ನಮ್ಮೂರಿನಲ್ಲಿ ವೋಲ್ಟೇಜು ಕಮ್ಮಿ ಎಂಬ ದೂರು ಕೇಳಿ ಗೊತ್ತು, ಹೆಚ್ಚು ಎಂದು ಯಾರೂ ಅತ್ತದ್ದಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಮೂರೂ ಅಂಕಿ ಒಂದೇ ಪ್ರಮಾಣದಲ್ಲಿ ಏರಿದ್ದನ್ನಾದರೂ ಗಮನಿಸಬೇಕಿತ್ತು. ಎಲ್ಲ ಮಕ್ಕಳೂ ಒಂದೇ ಸಲ ಎರಡಿಂಚು ಉದ್ದವಾದರೆ ಮೊದಲು ಸ್ಕೇಲನ್ನು ನೋಡಿ ಎಂದು ನಾನೇ ಎಂಟನೇ ಕ್ಲಾಸಿನಲ್ಲಿ ವರ್ಷವರ್ಷವೂ ಹೇಳುತ್ತಿದ್ದೆ. ಈಗ ಹೇಳುವವನೂ ನಾನೇ, ಕೇಳುವವನೂ ನಾನೇ ಆದ್ದರಿಂದ ಪಾಠ ತಲೆಗೆ ಹತ್ತಲಿಲ್ಲ.

ಮೀಟರಿನ ಫೋಟೋ ತೆಗೆದುಕೊಂಡು, ಕಂಪ್ಯೂಟರ್ ಬಂದ್ ಮಾಡಿ ಸಫಿಯಾಳಿಗೆ ಫೋನ್ ಮಾಡಿದೆ. "ಹಳೇ ಪೆಟ್ಟಿಗೆಗೆ ಹೊಸ ಸ್ಟಿಕ್ಕರ್ ಅಂಟಿಸಿ ಹಾಕಿದೀಯೇನಮ್ಮಾ?" ಎಂದೇ ಕೇಳಿದೆ. "ಇಲ್ಲ ಸಾರ್. ಹಾಕುವಾಗ ನೋಡಿದ್ದೆ, ಸರಿ ಇತ್ತು. ನಾಳೆ ಬಂದು ನೋಡ್ತೇನೆ, ಆಗ್ಬಹುದಾ?" ಎಂದಳು. ಆಗಬಹುದಿತ್ತು. ನಾಳೆ ಎನ್ನುವುದು ದೂರವೇನಿರಲಿಲ್ಲ. ಆದರೆ ತಪ್ಪು ಕಣ್ಣಿಗೆ ಬಿದ್ದ ಮೇಲೆ ನಾಳೆಯವರೆಗೆ ಕಾಯುವ ಮೇಷ್ಟ್ರನ್ನು ನಾನು ನೋಡಿಲ್ಲ. ಆ ಫೋಟೋವನ್ನು, ಸುತ್ತಲಿನ ಊರಿನವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ಬರೆದೆ: 'ಹನ್ನೆರಡು ಇರಬೇಕಾದಲ್ಲಿ ಹದಿನಾಲ್ಕು ಪಾಯಿಂಟ್ ಆರು. ಸುಂಟಿಕೊಪ್ಪದಲ್ಲಿ ಇತ್ತೀಚೆಗೆ ಆರಂಭವಾದ ಅಂಗಡಿಯ ಕೆಲಸವಿದು. ಗ್ರಾಹಕರು ಎಚ್ಚರಿಕೆ ವಹಿಸತಕ್ಕದ್ದು.' ಹೆಸರು ಹಾಕಲಿಲ್ಲ. ಅದು ನನ್ನ ದೊಡ್ಡತನ ಎಂದುಕೊಂಡೆ. ಇತ್ತೀಚೆಗೆ ಆರಂಭವಾದ ಅಂಗಡಿ ಅಲ್ಲಿ ಇದ್ದದ್ದೇ ಒಂದು. ಹೆಬ್ಬೆರಳುಗಳೂ ಕೈ ಮುಗಿಯುವ ಚಿತ್ರಗಳೂ ಸಾಲಾಗಿ ಬಂದವು. 'ಸಾರ್ ಕಣ್ಣಿಗೆ ಬೀಳದ್ದು ಯಾವುದಿದೆ' ಎಂದು ಯಾರೋ ಬರೆದರು. ಅಂದು ಮಧ್ಯಾಹ್ನ ಎರಡು ತುತ್ತು ಜಾಸ್ತಿಯೇ ಊಟ ಮಾಡಿದೆ.

ಭಾನುವಾರ ಬೆಳಿಗ್ಗೆ ಗೋಡೆ ಗಡಿಯಾರ ನಿಂತಿತ್ತು. ಹೊಸ ಪೆನ್ಸಿಲ್ ಸೆಲ್ಲು ಹಾಕುವ ಮುನ್ನ, ಚಪಲಕ್ಕೆ, ಅದನ್ನೂ ಅಳೆದೆ. ಒಂದು ಪಾಯಿಂಟ್ ಒಂಬತ್ತು. ಒಂದೂವರೆ ವೋಲ್ಟಿನ ಸೆಲ್ಲು, ಎಷ್ಟೇ ಹೊಸದಾದರೂ, ಒಂದು ಪಾಯಿಂಟ್ ಒಂಬತ್ತು ಕೊಡುವುದು ಸಾಧ್ಯವಿಲ್ಲ. ಸೆಲ್ಲನ್ನು ಪಕ್ಕಕ್ಕಿಟ್ಟು ಮಲ್ಟಿಮೀಟರನ್ನೇ ತಿರುಗಿಸಿ ನೋಡಿದೆ. ಹಿಂದಿನ ವಾರ ಅಂಗಳದಲ್ಲಿ ಕಾಫಿ ಒಣಗಿತ್ತು. ಕಾಫಿಯ ತೇವ ನೋಡುವ ಮೀಟರೊಂದನ್ನು ನಾನು ಸ್ವಂತಕ್ಕೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ವ್ಯಾಪಾರಿಯ ಮೀಟರನ್ನು ನಾನು ನಂಬುವುದಿಲ್ಲ. ಅಂದು ನನ್ನ ತೇವದ ಮೀಟರಿನ ಬ್ಯಾಟರಿ ಸುಸ್ತಾಗಿತ್ತು. ಮಲ್ಟಿಮೀಟರಿಗೂ ಅದೇ ಚೌಕದ ಒಂಬತ್ತು ವೋಲ್ಟ್ ಬ್ಯಾಟರಿ. ಇದರದನ್ನು ಕಿತ್ತು ತೇವದ ಮೀಟರಿಗೆ ಹಾಕಿದೆ. ಅದರ ಇಳಿದ ಬ್ಯಾಟರಿಯನ್ನು ಎಸೆಯಲು ಮನಸ್ಸು ಬಾರದೆ, ಗೂಡು ಖಾಲಿ ಯಾಕಿರಬೇಕು ಎಂದು ಮಲ್ಟಿಮೀಟರಿಗೆ ತುರುಕಿದೆ. ಬ್ಯಾಟರಿ ಇಳಿದ ಮೀಟರು ಎಲ್ಲವನ್ನೂ ಏರಿಸಿ ಹೇಳುತ್ತದೆ. ಇದು ನನಗೆ ಗೊತ್ತಿತ್ತು ಎನ್ನುವುದೇ ನಾಚಿಕೆಗೇಡು. ಅದೇ ವಾರ ಕಾಫಿ ವ್ಯಾಪಾರಿಗೆ, "ಮೊದಲು ನಿನ್ನ ಮೀಟರಿನ ಬ್ಯಾಟರಿ ನೋಡಪ್ಪ, ಆಮೇಲೆ ನನ್ನ ಕಾಫಿ ಹಸಿ ಅನ್ನು" ಎಂದು ನಾಲ್ಕು ಜನರ ಮುಂದೆ ಹೇಳಿ ಬಂದಿದ್ದೆ.

ಬ್ಯಾಟರಿಗಳನ್ನು ಮತ್ತೆ ಅದಲುಬದಲು ಮಾಡಿ ಅಳೆದೆ. ಹನ್ನೆರಡು ಪಾಯಿಂಟ್ ಒಂದು. ಐದು. ಮೂರು ಪಾಯಿಂಟ್ ಮೂರು. ಸಫಿಯಾ ಹಾಕಿದ ಪೆಟ್ಟಿಗೆ ಗಂಗೆಯಷ್ಟು ಶುದ್ಧವಾಗಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಅವಳ ಸ್ಕೂಟರು ನಿಂತಿತು. ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಜಗಲಿ ಹತ್ತುವಷ್ಟು ಹೊತ್ತು ನನಗಿತ್ತು. 'ತಪ್ಪಾಯಿತಮ್ಮಾ' ಎಂಬ ಒಂದು ಮಾತಿಗೆ ಅಷ್ಟು ಹೊತ್ತು ಬೇಕಾದಷ್ಟಾಯಿತು. ನಾಲಿಗೆ ಬೇರೆಯದನ್ನೇ ಹೇಳಿತು.

"ಬಾಮ್ಮಾ. ಈಗ ಸರಿಯಾಯ್ತು. ನಾನೇ ಮಾಡ್ದೆ."

"ಹೌದಾ ಸಾರ್? ಎಂತ ಆಗಿತ್ತು?"

"ಏನಿಲ್ಲ, ಒಂದು ಲೂಸ್ ಕನೆಕ್ಷನ್."

ಲೂಸ್ ಕನೆಕ್ಷನ್ನಿಂದ ವೋಲ್ಟೇಜು ಇಳಿಯುತ್ತದೆಯೇ ಹೊರತು ಮೂರೂ ತಂತಿಯಲ್ಲಿ ಲೆಕ್ಕ ಹಾಕಿದ ಹಾಗೆ ಏರುವುದಿಲ್ಲ. ಒಳ್ಳೆಯ ಸುಳ್ಳು ಹೇಳುವ ವಿದ್ಯೆಯೂ ನನಗೆ ಬರುವುದಿಲ್ಲ. ಸಫಿಯಾ ಮೇಜಿನ ಮೇಲಿದ್ದ ಮೀಟರನ್ನು ನೋಡಿದಳು, ನನ್ನನ್ನು ನೋಡಿದಳು. "ಆಗ್ತದೆ ಸಾರ್ ಹಾಗೆ" ಎಂದಳು. ಗಿರಿಜಾ ತಂದುಕೊಟ್ಟ ಕಾಫಿ ಕುಡಿದು, ಚೀಲವನ್ನು ಬಿಚ್ಚದೆಯೇ ಹೊರಟುಹೋದಳು. ನಾನು ಗುಂಪಿನಲ್ಲಿ 'ಸಮಸ್ಯೆ ಬಗೆಹರಿಸಲಾಗಿದೆ' ಎಂದು ಹಾಕಿದೆ. ಮತ್ತೆ ಹೆಬ್ಬೆರಳುಗಳು. ಒಬ್ಬರಂತೂ ತಮ್ಮ ಮಿಕ್ಸಿಯನ್ನು ಯಾವಾಗ ತರಲಿ ಎಂದು ಕೇಳಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಖಂಡಿತ. ಸೋಮವಾರ ಹತ್ತು ಗಂಟೆಗೆ ಪಕ್ಕದ ಎಸ್ಟೇಟಿನ ರೈಟರ್ ಸುಬ್ಬಯ್ಯನ ಫೋನು ಬಂತು. ಎಸ್ಟೇಟಿನ ಕೂಲಿ ಲೆಕ್ಕ, ಕೊಯ್ದ ಕಾಫಿಯ ತೂಕ ಎಲ್ಲ ಬರೆಯುವವನು. "ಸಾರ್, ನೀವು ಗುಂಪಲ್ಲಿ ಹಾಕಿದ್ದು ಒಳ್ಳೇದಾಯ್ತು. ನಮ್ಮ ಆಫೀಸಿನ ಮೂರು ಕಂಪ್ಯೂಟರ್ ನೋಡ್ಕೊಳ್ಳೋ ಕೆಲಸ ಆ ಹುಡುಗಿಗೆ ಕೊಡೋದು ಅಂತಿತ್ತು. ಮಾತೂ ಆಗಿತ್ತು. ಬೇಡ ಅಂದುಬಿಟ್ಟೆ. ಕುಶಾಲನಗರದವ್ರು ಬಂದು ಇವತ್ತು ತಗೊಂಡು ಹೋಗ್ತಾರೆ" ಎಂದ. ನಾನು "ಓಹೋ, ಹೌದೇ" ಎಂದೆ. ಬೇರೇನೂ ಹೇಳದೆ ಫೋನ್ ಇಟ್ಟೆ. ಸ್ಪೀಕರು ಆನ್ ಇದ್ದದ್ದು ಆಮೇಲೆ ಗೊತ್ತಾಯಿತು. ಗಿರಿಜಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ರೀ, ಆ ಲೂಸು ಕನೆಕ್ಷನ್ನು ಎಲ್ಲಿತ್ತು ನಿಜವಾಗ್ಲೂ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. "ಕುಣಿಯಕ್ಕೆ ಬರದವಳು ನೆಲ ಡೊಂಕು ಅಂದಳಂತೆ" ಎಂದಷ್ಟೇ ಹೇಳಿ, ಒಳಗೆ ಹೋಗಿ ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ತಂದು ಕುರ್ಚಿಯ ಮೇಲೆ ಇಟ್ಟಳು. ಹೊರಡಿ ಎಂದು ಹೇಳುವ ಅವಳ ರೀತಿ ಅದು.

ಬಸ್ಸಿನಲ್ಲಿ ಸುಂಟಿಕೊಪ್ಪದವರೆಗೆ ಮಾತು ಜೋಡಿಸಿಕೊಂಡೆ. ಮೆಟ್ಟಿಲು ಹತ್ತುವಾಗ ಎಲ್ಲ ಮರೆತುಹೋಯಿತು. ಸಫಿಯಾ ಒಬ್ಬಳೇ ಇದ್ದಳು. ಗಡಬಡಿಸಿ ಎದ್ದು ತನ್ನ ಸ್ಟೂಲನ್ನು ನನ್ನತ್ತ ದಬ್ಬಿದಳು. ನಾನು ಕೂರಲಿಲ್ಲ. "ಸಫಿಯಾ, ಲೂಸ್ ಕನೆಕ್ಷನ್ ಇರ್ಲಿಲ್ಲ. ನನ್ನ ಮೀಟರಿನ ಬ್ಯಾಟರಿ ಹೋಗಿತ್ತು. ನಿನ್ನ ಕೆಲಸ ಸರಿಯಾಗೇ ಇತ್ತು. ನಿನಗೆ ಸುಳ್ಳು ಹೇಳ್ದೆ" ಎಂದೆ.

ಅವಳು ತಲೆ ತಗ್ಗಿಸಿದಳು. ತಪ್ಪು ಮಾಡಿದವನು ನಾನು, ತಲೆ ತಗ್ಗಿಸಿದವಳು ಅವಳು. "ಗೊತ್ತಿತ್ತು ಸಾರ್" ಎಂದಳು.

"ಯಾವಾಗ?"

"ಶನಿವಾರವೇ." ಮೊಬೈಲ್ ತೆಗೆದು, ನಾನು ಗುಂಪಿಗೆ ಹಾಕಿದ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದಳು. ಹದಿನಾಲ್ಕು ಪಾಯಿಂಟ್ ಆರರ ಎಡಗಡೆ, ಮೂಲೆಯಲ್ಲಿ, ಬ್ಯಾಟರಿಯ ಒಂದು ಪುಟ್ಟ ಚಿತ್ರ ಕೂತಿತ್ತು. ಬ್ಯಾಟರಿ ಇಳಿದಿದೆ ಎಂದು ಮೀಟರು ತಾನಾಗಿ ಹೇಳುವ ಗುರುತು. ನನ್ನ ತಪ್ಪಿಗೆ ಸಾಕ್ಷಿಯನ್ನು ನಾನೇ ಫೋಟೋ ತೆಗೆದು ಊರಿಗೆಲ್ಲ ಹಂಚಿದ್ದೆ.

"ಅಲ್ಲೇ ಹೇಳಬಾರದಿತ್ತಾ?"

"ಎಲ್ರೂ ಇರೋ ಗುಂಪಲ್ಲಿ ನಿಮಗೆ ಹೇಗೆ ಹೇಳೋದು ಸಾರ್?"

"ಮನೆಗೆ ಬಂದಾಗ?"

"ಅಮ್ಮ ಇದ್ರಲ್ಲ." ಕೆಳಗೆ ನೋಡುತ್ತ ಹೇಳಿದಳು: "ಚೀಲದಲ್ಲಿ ಹೊಸ ಬ್ಯಾಟರಿ ತಂದಿದ್ದೆ ಸಾರ್. ನೀವು ಕೈ ತೊಳೀಲಿಕ್ಕೋ ಎಂತಕ್ಕೋ ಒಳಗೆ ಹೋದಾಗ ಹಾಕಿ ಬಿಡುವ ಅಂತ. ನಿಮಗೆ ಗೊತ್ತಾಗ್ಲಿಕ್ಕಿಲ್ಲ ಅಂತ."

ಈಗ ಕೂತೆ. ಕೂರದೆ ಬೇರೆ ದಾರಿ ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಯಾವ ಮಗುವಿನ ತಪ್ಪನ್ನೂ ನಾನು ಹೀಗೆ ಸದ್ದಿಲ್ಲದೆ ತಿದ್ದಿದವನಲ್ಲ. ಬೋರ್ಡಿನ ಹತ್ತಿರ ಕರೆದು, ಎಲ್ಲರೂ ನೋಡುವ ಹಾಗೆ ತಿದ್ದುತ್ತಿದ್ದೆ. ಇವಳನ್ನೂ ಎಷ್ಟು ಸಲ ಹಾಗೆ ಕರೆದಿದ್ದೆನೋ ನೆನಪಿಲ್ಲ. ಅವಳಿಗೆ ನೆನಪಿರಬಹುದು, ಕೇಳುವ ಧೈರ್ಯವಾಗಲಿಲ್ಲ.

ಅಲ್ಲೇ ಕೂತು ಗುಂಪಿಗೆ ಬರೆಯತೊಡಗಿದೆ. 'ತಾಂತ್ರಿಕ ಕಾರಣಗಳಿಂದ ಮಾಪನದಲ್ಲಿ ವ್ಯತ್ಯಾಸ ಉಂಟಾಗಿದ್ದು' ಎಂದು ಶುರುಮಾಡಿ ಸಫಿಯಾಳಿಗೆ ತೋರಿಸಿದೆ. ಓದಿ, ತುಂಬ ಮೆತ್ತಗೆ, "ಸಾರ್, ಇದ್ರಲ್ಲಿ ತಪ್ಪು ಯಾರದ್ದು ಅಂತ ಗೊತ್ತಾಗುದಿಲ್ಲ" ಎಂದಳು. ಅಳಿಸಿದೆ. ತಪ್ಪು ನನ್ನದು, ಮೀಟರಿನ ಬ್ಯಾಟರಿ ನೋಡದೆ ಬರೆದೆ, ಸಫಿಯಾಳ ಕೆಲಸ ಸರಿಯಾಗಿತ್ತು, ಲೂಸ್ ಕನೆಕ್ಷನ್ ಎಂದದ್ದು ಸುಳ್ಳು ಎಂದು ಬರೆದು, ಕಣ್ಣು ಮುಚ್ಚಿಕೊಂಡು ಕಳಿಸಿದೆ. ಸುಬ್ಬಯ್ಯನಿಗೂ ಅಲ್ಲಿಂದಲೇ ಫೋನ್ ಮಾಡಿದೆ. ಕುಶಾಲನಗರದವರು ಎರಡು ಕಂಪ್ಯೂಟರನ್ನು ಆಗಲೇ ಒಯ್ದಾಗಿತ್ತು. ಒಂದು ಉಳಿದಿದೆ, ಬೇಕಾದರೆ ಅದನ್ನು ಅವಳಿಗೆ ಕೊಡುತ್ತೇನೆ ಎಂದ. ಸಫಿಯಾ, "ಒಂದಾದ್ರೂ ಆಗ್ತದೆ ಸಾರ್" ಎಂದು ನಕ್ಕಳು. ಮೂರು ಸಿಕ್ಕಿದ್ದರೆ ಹೇಗೆ ನಗುತ್ತಿದ್ದಳು ಎಂದು ನಾನು ಯೋಚಿಸದಿರಲು ನೋಡಿದೆ.

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೊಬೈಲ್ ತೆಗೆದೆ. ಬೈಗುಳ ಬಂದಿರುತ್ತದೆ, ಬರಲಿ, ಮಾಡಿದ್ದುಣ್ಣೋ ಮಹಾರಾಯ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಒಂದು ಬೈಗುಳವೂ ಇರಲಿಲ್ಲ. 'ಸಾರ್ ದೊಡ್ಡ ಮನಸ್ಸು.' 'ತಪ್ಪು ಒಪ್ಪಿಕೊಳ್ಳುವವರು ಈ ಕಾಲದಲ್ಲಿ ಎಲ್ಲಿದ್ದಾರೆ.' 'ಇದಕ್ಕೇ ನಾವು ನಿಮ್ಮನ್ನು ಗುರುಗಳು ಎನ್ನುವುದು.' ಶನಿವಾರಕ್ಕಿಂತ ಹೆಚ್ಚು ಕೈಗಳು ಮುಗಿದಿದ್ದವು. ಸಫಿಯಾಳ ಬಗ್ಗೆ ಯಾರೂ ಒಂದು ಅಕ್ಷರ ಬರೆದಿರಲಿಲ್ಲ. ಹೊಗಳಬೇಕಾದದ್ದು ಅವಳನ್ನು, ನನ್ನನ್ನಲ್ಲ ಎಂದು ಕೂಡಲೇ ಉತ್ತರ ಬರೆಯಬೇಕು ಎಂದುಕೊಂಡೆ. ಬರೆಯುವ ಮೊದಲು ಎಲ್ಲವನ್ನೂ ಒಮ್ಮೆ ಪೂರ್ತಿ ಓದೋಣ ಎಂದು ಮೇಲಿನಿಂದ ಓದಿದೆ. ಚೆನ್ನಾಗಿತ್ತು. ಇನ್ನೊಮ್ಮೆ ಓದಿದೆ. ತಲೆ ಎತ್ತಿ ನೋಡಿದರೆ ಮಾದಾಪುರ ದಾಟಿ ಬಸ್ಸು ಬಹಳ ಮುಂದೆ ಹೋಗಿತ್ತು. "ಮೇಷ್ಟ್ರೇ, ಎಲ್ಲಿ ನೋಡ್ತಿದ್ರಿ, ನಿಮ್ಮೂರು ಆಗ್ಲೇ ಹೋಯ್ತಲ್ಲ" ಎಂದ ಕಂಡಕ್ಟರ್. ಇಳಿದು, ಎರಡೂವರೆ ಕಿಲೋಮೀಟರು ಬಿಸಿಲಿನಲ್ಲಿ ನಡೆದುಕೊಂಡು ಮನೆಗೆ ಬಂದೆ.